ಕುದುರೆ ಸಾಹೇಬನ ಬಾಯಿ, ಅಪ್ಪನ ಗಂಟಲು

ಕಳೆದ ತಿಂಗಳು ಠಾಣೆಯ ಘೋಡಬಂದರ್ ರಸ್ತೆಯ ಒಂದು ದೊಡ್ಡ ಕಟ್ಟಡದಲ್ಲಿ ಎಸಿ ಕೂರಿಸುತ್ತಿದ್ದೆ. ಗೋಡೆಗೆ ತೂತು ಕೊರೆದು ಡ್ರಿಲ್ ನಿಲ್ಲಿಸಿದಾಗ ಪಕ್ಕದ ಕೋಣೆಯಿಂದ ಅಪ್ಪನ ದನಿ ಕೇಳಿತು. ಅಪ್ಪ ತೀರಿಕೊಂಡು ವರ್ಷಗಳಾದವು. ದನಿ ಮಾತ್ರ ಹಾಗೇ ಇತ್ತು, ಮಡಕೆಯೊಳಗೆ ಕಲ್ಲು ಹಾಕಿ ಮೆಲ್ಲಗೆ ಉರುಳಿಸಿದ ಹಾಗೆ. ಸೂರ್ಯ ಮುಳುಗುವುದರೊಳಗೆ ಊರು ಬಿಟ್ಟು ಹೋಗು ಎಂದು ಹಿಂದಿಯಲ್ಲಿ ಯಾರಿಗೋ ಹೇಳುತ್ತಿದ್ದರು. ಮೈಮೇಲೆ ಸಿಮೆಂಟಿನ ಧೂಳು ಇದ್ದ ಹಾಗೇ ಹೋಗಿ ಬಾಗಿಲಲ್ಲಿ ನಿಂತೆ. ಆ ಮನೆಯ ಯಜಮಾನರು, ವಯಸ್ಸಾದವರು, ಒಬ್ಬರೇ ಕೂತು ಟಿವಿ ನೋಡುತ್ತಿದ್ದರು. ಟಿವಿಯಲ್ಲಿ ಅಗಲ ಟೊಪ್ಪಿಯ ಬಿಳಿಯ, ಸೊಂಟದಲ್ಲಿ ಪಿಸ್ತೂಲು, ಹಿಂದೆ ಕುದುರೆ. ಬಾಯಿ ಅವನದು. ಗಂಟಲು ನನ್ನ ಅಪ್ಪನದು. ನೀರು ಬೇಕಾ ಎಂದು ಯಜಮಾನರು ಕೇಳಿದರು. ಬೇಡ ಅಂದೆ. ಸೀನು ಮುಗಿಯುವ ತನಕ ಅಲ್ಲೇ ನಿಂತಿದ್ದು, ಮತ್ತೆ ಬಂದು ಪೈಪು ಜೋಡಿಸಿದೆ.

ಅಪ್ಪ ಇದ್ದಾಗ ನಾವಿದ್ದದ್ದು ಡೊಂಬಿವಲಿಯ ಒಂದು ಚಾಳಿನಲ್ಲಿ. ಒಂದೇ ಕೋಣೆ, ಒಂದು ಮೂಲೆಯಲ್ಲಿ ಅಡಿಗೆ, ಇನ್ನೊಂದರಲ್ಲಿ ಟಿವಿ. ಮನೆಯಲ್ಲಿ ಯಾವಾಗಲೂ ತೆಂಗಿನೆಣ್ಣೆಯದ್ದೂ ಅಪ್ಪನ ಅಂಗಿಯಿಂದ ಬರುವ ಸಾಂಬಾರಿನದ್ದೂ ವಾಸನೆ. ಅಪ್ಪ ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದವರು, ಠಾಣೆಯಲ್ಲಿ ಫ್ಯಾಕ್ಟರಿಗಳೇ ತುಂಬಿದ ವಾಗ್ಳೆ ಎಸ್ಟೇಟಿನ ಒಂದು ಹೋಟೆಲಿನಲ್ಲಿ ದುಡ್ಡಿನ ಗಲ್ಲೆಯ ಹತ್ತಿರ ನಿಂತು ಆರ್ಡರ್ ಕೂಗುವ ಕೆಲಸ. ಫ್ಯಾಕ್ಟರಿಯವರೆಲ್ಲ ಒಟ್ಟಿಗೆ ನುಗ್ಗುವ ಹೊತ್ತಿನಲ್ಲೂ ಅವರು ಕಿರುಚುತ್ತಿರಲಿಲ್ಲ. ತಗ್ಗಿಸಿ ಹೇಳಿದರೂ ಒಳಗಿನ ದೋಸೆ ಭಟ್ಟರಿಗೆ ಕೇಳುತ್ತಿತ್ತು. ಅದೇ ಎಸ್ಟೇಟಿನಲ್ಲಿ, ಶೀಟಿನ ಮಾಡಿನ ಒಂದು ಶೆಡ್ಡಿನಲ್ಲಿ, ಸಾವಂತ ಕಾಕಾ ಎಂಬವರು ಇಂಗ್ಲಿಷ್ ಪಿಚ್ಚರುಗಳಿಗೆ ಹಿಂದಿ ಮಾತು ಸೇರಿಸುವ ಕೆಲಸ ಇಟ್ಟುಕೊಂಡಿದ್ದರು. ಯಾವುದೋ ಕೇಬಲ್ ಚಾನೆಲಿನವರು ಅವರಿಗೆ ಒಬ್ಬನೇ ಕೌಬಾಯ್ ಹೀರೋನ ಹಳೆಯ ಪಿಚ್ಚರುಗಳ ಕಟ್ಟನ್ನೇ ಕೊಟ್ಟಿದ್ದರು. ದಿನಾ ಇಡ್ಲಿಗೆ ಬರುತ್ತಿದ್ದ ಕಾಕಾ ಒಂದು ದಿನ ಕೈ ತೊಳೆಯದೆ ಗಲ್ಲೆಯ ಹತ್ತಿರ ನಿಂತು ಅಪ್ಪನ ದನಿಯನ್ನೇ ಕೇಳುತ್ತಿದ್ದರಂತೆ. ಹೋಟೆಲಿನ ಕೆಲಸ ಮುಗಿದ ಮೇಲೆ ಶೆಡ್ಡಿಗೆ ಬಾ ಅಣ್ಣಾ ಎಂದು ಕರೆದರಂತೆ. ಅಪ್ಪನ ಹಿಂದಿ ಅಷ್ಟಕ್ಕಷ್ಟೇ. ಕೇಳಿದ್ದನ್ನು ಬಾಯಿಪಾಠ ಮಾಡಿ ಹೇಳುತ್ತಿದ್ದರು. ಅಮ್ಮನಿಗೆ ಅದೊಂದು ತಮಾಷೆ.

"ಆ ಕುದುರೆ ಸಾಹೇಬ ಮಾತಾಡುದೇ ಕಮ್ಮಿ. ಅದಕ್ಕೇ ನಿಮ್ಮನ್ನು ಕರೆದದ್ದು. ಬಾಯಿಬಡುಕ ಆಗಿದ್ರೆ ಕರೀತಿದ್ರಾ?" ಎನ್ನುತ್ತಿದ್ದರು.

ಅಂದಿನಿಂದ ಆ ನಟನಿಗೆ ನಮ್ಮ ಮನೆಯಲ್ಲಿ ಕುದುರೆ ಸಾಹೇಬ ಎಂದೇ ಹೆಸರು. ಅವನ ಕತೆಯನ್ನು ಸಾವಂತ ಕಾಕಾ ಎಲ್ಲೆಲ್ಲೋ ಓದಿ ಅಪ್ಪನಿಗೆ ಹೇಳುತ್ತಿದ್ದರು, ಅಪ್ಪ ಊಟಕ್ಕೆ ಕೂತಾಗ ನಮಗೆ ಹೇಳುತ್ತಿದ್ದರು, ಊರಲ್ಲಿರುವ ದಾಯಾದಿಯ ಸುದ್ದಿ ಹೇಳಿದ ಹಾಗೆ. ಸಾಹೇಬ ಯಾವುದೋ ಚಳಿ ಊರಿನ ಚಪ್ಪಲಿ ಹೊಲಿಯುವವನ ಮಗ. ಊರಿಗೆ ಬಂದ ಕುದುರೆ ಸರ್ಕಸ್ಸಿನವರ ಹಿಂದೆ ಓಡಿಹೋದ. ಸಿನಿಮಾದಲ್ಲಿ ಮೊದಲು ಸಿಕ್ಕಿದ್ದು ಬೀಳುವ ಕೆಲಸ. ಹೀರೋಗಳ ಬಟ್ಟೆ ಹಾಕಿಕೊಂಡು ಅವರ ಬದಲಿಗೆ ಕುದುರೆಯಿಂದ ಬೀಳಬೇಕು. ಎಷ್ಟು ಚಂದ ಬೀಳುತ್ತಿದ್ದನೆಂದರೆ ಒಬ್ಬ ಡೈರೆಕ್ಟರ್ ಇವನ ಮುಖ ಹೇಗಿದೆ ನೋಡೋಣ ಎಂದು ತಿರುಗಿಸಿ ನಿಲ್ಲಿಸಿದ. ಹಾಗೆ ಹೀರೋ ಆದ. ಅದು ಮೂಕಿ ಸಿನಿಮಾದ ಕಾಲ. ಮಾತು ಬಂದಾಗ ಗಡಗಡ ನಡುಗಿದ, ಯಾಕೆಂದರೆ ಅಷ್ಟು ದೊಡ್ಡ ಆಳಿಗೆ ದನಿ ತೀರ ಸಣ್ಣದು. ಅದಕ್ಕೆ ಅವನು ಒಂದು ಉಪಾಯ ಮಾಡಿದ. ಹತ್ತು ಮಾತಿರುವ ಕಡೆ ಎರಡೇ ಸಾಕು ಎಂದು ಬರೆಯುವವರಿಗೆ ಹೇಳಿಬಿಟ್ಟ. ಜನ ಅದನ್ನೇ ಗತ್ತು ಎಂದುಕೊಂಡರು. ಅವನಿಗೆ ಸರಿಯಾದ ಗಂಟಲು ಸಿಕ್ಕಿದ್ದು ವಾಗ್ಳೆ ಎಸ್ಟೇಟಿನಲ್ಲೇ ಎಂದು ಕಾಕಾ ನಗುತ್ತಿದ್ದರಂತೆ. ಆಮೇಲೆ ಸಾಹೇಬ ಒಂದು ಶೂಟಿಂಗಿನಲ್ಲಿ ನಿಜವಾಗಿ ಬಿದ್ದ, ಬೆನ್ನು ಮುರಿಯಿತು. ಅಲ್ಲಿಂದ ಮುಂದಿನ ಪಿಚ್ಚರುಗಳಲ್ಲಿ ಅವನು ಕುದುರೆ ಹತ್ತುವುದನ್ನು ತೋರಿಸುವುದೇ ಇಲ್ಲ. ನೋಡು, ಆಗಲೇ ಕೂತಿರುತ್ತಾನೆ, ಅಥವಾ ಇಳಿದು ನಿಂತಿರುತ್ತಾನೆ ಎಂದು ಅಪ್ಪ ತೋರಿಸುತ್ತಿದ್ದರು. ಹೆಂಡತಿಯರು ಬಿಟ್ಟುಹೋದರು, ಇದ್ದ ಒಬ್ಬಳು ಮಗಳು ಮಾತು ಬಿಟ್ಟಳು. ಕುದುರೆ ಪಿಚ್ಚರುಗಳ ಕಾಲವೂ ಮುಗಿಯಿತು. ಅದೇ ಟೊಪ್ಪಿ ಹಾಕಿಕೊಂಡು ಮೇಜು ಕುರ್ಚಿ ಮಾರುವ ಅಂಗಡಿಗಳ ರಿಬ್ಬನ್ ಕತ್ತರಿಸುತ್ತಾ ತಿರುಗಿದ. ಇದನ್ನು ಹೇಳುವಾಗ ಮಾತ್ರ ಅಪ್ಪನ ಕೈ ಅನ್ನದ ಮೇಲೆ ಸುಮ್ಮನಾಗುತ್ತಿತ್ತು.

ಆ ಪಿಚ್ಚರುಗಳು ಭಾನುವಾರ ಮಧ್ಯಾಹ್ನ ಬರುತ್ತಿದ್ದವು. ಚಾಳಿನ ಅರ್ಧ ಜನ ನಮ್ಮ ಮನೆಯಲ್ಲೇ. ಚಾನೆಲಿನವರು ಕ್ರಮವಾಗಿ ಹಾಕುತ್ತಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದರು. ಒಂದು ವಾರ ಸಾಹೇಬ ಬೆನ್ನು ಬಾಗಿದ ಮುದುಕ, ಮುಂದಿನ ವಾರ ಹರೆಯದ ಹುಡುಗ, ಅದರ ಮುಂದಿನ ವಾರ ನಡುಪ್ರಾಯ. ಅಪ್ಪನ ದನಿಯೂ ಹಾಗೇ ಹಿಂದೆ ಮುಂದೆ ಹೋಗುತ್ತಿತ್ತು. ಮುದುಕನ ಪಾತ್ರದ ರೆಕಾರ್ಡಿಂಗ್ ಇದ್ದ ದಿನ ಹೋಟೆಲಿಗೆ ರಜೆ ಹೇಳಿ, ಬೆಳಿಗ್ಗೆ ಚಹಾ ಕುಡಿಯದೆ, ನಮ್ಮೊಡನೆ ಒಂದು ಮಾತೂ ಆಡದೆ ಲೋಕಲ್ ರೈಲು ಹತ್ತುತ್ತಿದ್ದರು. ಎದ್ದ ಮೇಲಿನ ಮೊದಲ ದನಿ ಮುದುಕರದ್ದು, ಅದನ್ನು ಹಾಳು ಮಾಡಬಾರದು ಎನ್ನುವುದು ಅವರ ಲೆಕ್ಕ. ಚಿಕ್ಕವನಾಗಿದ್ದ ನಾನು ಇದನ್ನೆಲ್ಲ ನೋಡಿ ಮನುಷ್ಯರ ಪ್ರಾಯ ಹೀಗೇ ಎಂದು ತಿಳಿದಿದ್ದೆ. ಒಂದು ಭಾನುವಾರ ಮುದುಕರಾಗುತ್ತಾರೆ, ಇನ್ನೊಂದು ಭಾನುವಾರ ಸರಿಯಾಗುತ್ತಾರೆ. ನಿಮಗೂ ಚಿಕ್ಕಂದಿನಲ್ಲಿ ಇಂಥ ಒಂದು ನಂಬಿಕೆ ಇದ್ದಿರಬಹುದು. ಅದು ಯಾವ ದಿನ ಮುರಿಯಿತು ಎಂದು ಕೇಳಿದರೆ ನಿಮಗೂ ಹೇಳಲಾಗಲಿಕ್ಕಿಲ್ಲ.

ಒಂದು ಪಿಚ್ಚರಿನಲ್ಲಿ ಸಾಹೇಬನ ಕುದುರೆಗೆ ಕಾಲು ಮುರಿಯುತ್ತದೆ. ಗುಂಡು ಹಾಕಿ ಕೊಲ್ಲಬೇಕು. ಅವನು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ. ರೆಕಾರ್ಡ್ ಮಾಡುವಾಗ ಹಿಂದಿ ಮಾತು ಮುಗಿದರೂ ತೆರೆಯ ಮೇಲೆ ಸಾಹೇಬನ ತುಟಿ ಇನ್ನೂ ಸ್ವಲ್ಪ ಅಲ್ಲಾಡುತ್ತಿತ್ತು. ಆ ಜಾಗ ಖಾಲಿ ಬಿಡುವ ಹಾಗಿಲ್ಲ. ಅಪ್ಪನ ಬಾಯಿಂದ ತಾನಾಗಿ "ಮಾರಾಯ" ಎಂದು ಬಂತು. ಸಾವಂತ ಕಾಕಾ ಮಶೀನು ನಿಲ್ಲಿಸಿ, ಹಾಗೆಂದರೇನು ಎಂದು ಕೇಳಿದರು. ನಮ್ಮ ಕಡೆ ನಮ್ಮವರಿಗೆ ಹೇಳುವುದು ಎಂದರು ಅಪ್ಪ. ಇರಲಿ ಅಂದು ಕಾಕಾ ಮತ್ತೆ ಮಶೀನು ಹಾಕಿದರು. ಅದು ಟಿವಿಯಲ್ಲಿ ಬಂದ ಭಾನುವಾರ ಅಗಲ ಟೊಪ್ಪಿಯ ಬಿಳಿಯ ಸಾಯುವ ಕುದುರೆಗೆ ಮಾರಾಯ ಎಂದಾಗ ನಮ್ಮ ಮನೆಯಲ್ಲಿದ್ದ ಮರಾಠಿಯವರಿಗೆ ಯಾರಿಗೂ ಏನೂ ಅನ್ನಿಸಲಿಲ್ಲ. ಅಮ್ಮ ಮಾತ್ರ ಅಡಿಗೆ ಮೂಲೆಯಿಂದ ಎದ್ದು ಬಂದು ಟಿವಿಯ ಎದುರು ನಿಂತರು.

ಅಪ್ಪನಿಗೆ ಮೊದಲು ದನಿ ಒಡೆಯಿತು. ಹೋಟೆಲಿನ ಹೊಗೆ ಎಂದುಕೊಂಡರು. ಆಮೇಲೆ ನುಂಗುವಾಗ ನೋವು. ಕೊನೆಗೆ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಎಂದರು, ತೆಗೆಯಬೇಕು, ತೆಗೆದ ಮೇಲೆ ಮಾತು ಇರುವುದಿಲ್ಲ, ತಡ ಮಾಡಬೇಡಿ ಎಂದರು. ಆಪರೇಷನ್ನಿಗೆ ದಿನವೂ ಗೊತ್ತಾಯಿತು. ಆ ವಾರವೇ ಸಾವಂತ ಕಾಕಾ ಮನೆಗೆ ಬಂದರು. ಕಟ್ಟಿನಲ್ಲಿ ಉಳಿದಿದ್ದ ಒಂದೇ ಒಂದು ಪಿಚ್ಚರು, ಸಾಹೇಬನ ಕೊನೆಯದು, ಆಗ ಅದರ ಸರದಿ ಬಂದಿತ್ತು. ಸಾಹೇಬನ ಮೈಗೆ ಕಾಯಿಲೆ ಹಿಡಿದಾಗ ಮಾಡಿದ್ದು, ಅದು ತೆರೆಗೆ ಬರುವ ಮೊದಲೇ ಅವನು ತೀರಿಕೊಂಡಿದ್ದ. ಕಾಕಾ ಕೇಳಲು ಬಂದದ್ದಲ್ಲ, ಬೇರೆಯವರಿಂದ ಮಾಡಿಸುತ್ತೇನೆ ಎಂದು ಹೇಳಿ ಹೋಗಲು ಬಂದದ್ದು. ಆಪರೇಷನ್ ಮುಂದೆ ಹಾಕುತ್ತೇನೆ ಎಂದರು ಅಪ್ಪ. ಕಾಕಾ ಬೇಡವೆಂದು ಕೈ ಮುಗಿದರು. ಅವರು ಹೋದ ಮೇಲೆ ಅಮ್ಮ ಚಿಲಕ ಹಾಕಿದರು.

"ಆ ಸಾಹೇಬನಿಗೆ ನಿಮ್ಮ ಹೆಸರಾದ್ರೂ ಗೊತ್ತುಂಟಾ? ಅವನು ಸತ್ತು ಮಣ್ಣಾಗಿದ್ದಾನೆ. ನಿಮ್ಗೆ ಎಂತ ಅರ್ಜೆಂಟು? ಇವನನ್ನು ನೋಡಿ" ಎಂದು ನನ್ನನ್ನು ತೋರಿಸಿದರು.

ಅಪ್ಪ ನನ್ನನ್ನು ನೋಡಿದರು. ಆಮೇಲೆ ಆ ಒಡೆದ ದನಿಯಲ್ಲಿ, "ಇಷ್ಟು ದಿನ ಅವನಿಗೆ ನಾನೇ ಮಾತಾಡಿದ್ದು. ಸಾಯುವಾಗ ಬೇರೆಯವ ಮಾತಾಡಿದ್ರೆ ಸರಿ ಆಗುದಿಲ್ಲ. ಹೇಗೂ ಹೋಗುವ ದನಿ. ಎಲ್ಲಾದ್ರೂ ಇಟ್ಟು ಹೋಗ್ತೇನೆ, ಬಿಡು," ಎಂದರು.

ಅಮ್ಮ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಜೇನು ಹಾಕಿದ ಬಿಸಿನೀರು ತಂದು ಎದುರಿಗಿಟ್ಟರು. ಅದೇ ಒಪ್ಪಿಗೆ. ಆಪರೇಷನ್ ಕೆಲವು ವಾರ ಮುಂದೆ ಹೋಯಿತು. ಅಪ್ಪ ಮನೆಯಲ್ಲಿ ಗೋಡೆಗೆ ಒರಗಿ ಕೂತು ಆ ಪಿಚ್ಚರಿನ ಮಾತುಗಳನ್ನು ಮೆಲ್ಲಗೆ, ಬರೀ ಉಸಿರಲ್ಲಿ ಹೇಳಿಕೊಳ್ಳುತ್ತಿದ್ದರು, ಅಮ್ಮ ಅಡಿಗೆ ಮಾಡುತ್ತಾ ಕೇಳುತ್ತಿದ್ದರು. ರೆಕಾರ್ಡಿಂಗ್ ಮುಗಿಸಿ ಬಂದ ದಿನ ಅಪ್ಪನ ಮುಖ ಬೂದಿಯ ಹಾಗಿತ್ತು. ಚೆನ್ನಾಗಿ ಆಯಿತು ಎಂದು ಕೈಯಲ್ಲೇ ತೋರಿಸಿದರು. ಮರುದಿನವೇ ಆಸ್ಪತ್ರೆಗೆ ಸೇರಿಸಿದೆವು.

ಆಪರೇಷನ್ ಆಗಿ, ಕುತ್ತಿಗೆಯಲ್ಲಿ ಉಸಿರಾಡುವ ತೂತು ಇಟ್ಟುಕೊಂಡು ಅಪ್ಪ ಇನ್ನೂ ಸ್ವಲ್ಪ ಕಾಲ ಇದ್ದರು. ಮನೆಯಲ್ಲಿ ಗಾಳಿ ಹೋಗಿ ಬರುವ ಸದ್ದು ಮಾತ್ರ. ಬೆನ್ನು ಬಾಗಿತು, ಕೂದಲು ಬೆಳ್ಳಗಾಯಿತು. ನಾನು ಗಾಬರಿಯಾಗಲಿಲ್ಲ. ಇದು ಮುದುಕನ ವಾರ, ಮುಂದಿನ ವಾರ ಹುಡುಗನಾಗಿ ಬರುತ್ತಾರೆ ಎಂದು ಕಾದೆ. ಪಕ್ಕದ ಮನೆಯ ಹುಡುಗರಿಗೂ ಹಾಗೇ ಹೇಳಿದ್ದೆ. ಅಪ್ಪ ತಡ ಮಾಡಿದ್ದರಿಂದಲೇ ಹೋದರೋ, ಹೇಗೂ ಹೋಗುವವರಿದ್ದರೋ, ಡಾಕ್ಟರರೂ ಹೇಳಲಿಲ್ಲ. ಜೇನು ಹಾಕಿದ ನೀರನ್ನು ಅಮ್ಮ ಆಮೇಲೆ ಯಾರಿಗೂ ಮಾಡಿಕೊಡಲಿಲ್ಲ. ಆ ಕೊನೆಯ ಪಿಚ್ಚರು ಟಿವಿಯಲ್ಲಿ ಬರಲೇ ಇಲ್ಲ. ಚಾನೆಲ್ ಮುಚ್ಚಿ ಪಿಚ್ಚರುಗಳು ಯಾರ್ಯಾರ ಕೈಗೋ ಹೋದವು, ಕಾಕಾನ ಶೆಡ್ಡಿನಲ್ಲಿ ಈಗ ರಟ್ಟಿನ ಪೆಟ್ಟಿಗೆ ಮಾಡುತ್ತಾರೆ. ಚಾನೆಲಿಗೆ ಕೊಟ್ಟ ಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದು ಕಾಕಾ ಅತ್ತುಬಿಟ್ಟರು. ಚಾಳು ಕೆಡವಿದರು. ನಾನು ಶಾಲೆ ಬಿಟ್ಟು ಕೆಲಸ ಕಲಿತೆ. ನಾನೂ ಅಮ್ಮನೂ ಕೋಪರಖೈರಣೆಗೆ ಬಂದೆವು.

ಘೋಡಬಂದರಿನಲ್ಲಿ ಆ ದನಿ ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮೊಬೈಲಿನಲ್ಲಿ ಹುಡುಕಿ ಹುಡುಕಿ, ಸಾಹೇಬನ ಕೊನೆಯ ಪಿಚ್ಚರು ಸಿಕ್ಕಿತು, ಇಂಗ್ಲಿಷಿನಲ್ಲೇ. ಭಾನುವಾರ ಅಮ್ಮ ಬಸಳೆ ಬಿಡಿಸುತ್ತಾ ಕೂತಿದ್ದಾಗ ಎದುರಿಗಿಟ್ಟು ಹಾಕಿದೆ. ಸಾಹೇಬನ ಸ್ವಂತ ದನಿ ನಾನು ಅಂದೇ ಮೊದಲು ಕೇಳಿದ್ದು. ಸಣ್ಣದು, ಯಾರದೋ ದನಿ.

"ಅದನ್ನು ಬಂದ್ ಮಾಡು. ಅದು ಅವರಲ್ಲ," ಎಂದರು ಅಮ್ಮ.

ಸೌಂಡ್ ತೆಗೆದೆ. ಚಿತ್ರ ಓಡುತ್ತಿತ್ತು. ಮುದುಕ ಸಾಹೇಬ ಬೇಲಿಯ ಹತ್ತಿರ ನಿಂತು ತನ್ನ ಕುದುರೆಗಳನ್ನು ಒಂದೊಂದಾಗಿ ಮಾರುತ್ತಿದ್ದ. ಅಮ್ಮ ಸೊಪ್ಪು ಬಿಡಿಸುತ್ತಾ, ಆಗಾಗ ಕಣ್ಣೆತ್ತಿ ನೋಡುತ್ತಾ, ಅಪ್ಪ ಅಂದು ಹೇಳಿಕೊಳ್ಳುತ್ತಿದ್ದ ಮಾತುಗಳನ್ನೇ ಹಿಂದಿಯಲ್ಲಿ ಹೇಳತೊಡಗಿದರು. ಈ ಬಿಳಿಯದನ್ನು ಕಟ್ಟಿ ಹಾಕಬೇಡ, ಅದು ಎಲ್ಲಿಗೂ ಹೋಗುವುದಿಲ್ಲ. ಡಾಕ್ಟರೇ, ಹೆಣದ ಮುಂದೆ ನಿಂತ ಹಾಗೆ ಟೊಪ್ಪಿ ತೆಗೆಯಬೇಡಿ, ನಾನಿನ್ನೂ ಸತ್ತಿಲ್ಲ. ಅಮ್ಮನ ಹಿಂದಿ ಅಪ್ಪನದಕ್ಕಿಂತ ಕಡೆ. ಆದರೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿದ್ದರು, ಸಾಹೇಬನ ತುಟಿ ಅಮ್ಮನನ್ನು ಕೇಳಿಯೇ ಅಲ್ಲಾಡಿದ ಹಾಗೆ. ಕೊನೆಯಲ್ಲಿ ಸಾಹೇಬ ಮಂಚದ ಮೇಲೆ ಮಲಗಿದ್ದಾನೆ. ಪಿಚ್ಚರಿನಲ್ಲೂ ಅವನಿಗೆ ಮಾತು ಬಿಟ್ಟ ಒಬ್ಬಳು ಮಗಳು, ಅವಳು ಬಂದು ಪಕ್ಕದಲ್ಲಿ ಕೂರುತ್ತಾಳೆ. ಅಮ್ಮ ಸುಮ್ಮನಾದರು.

"ಇಲ್ಲಿ ಅಪ್ಪ ಎಂತ ಹೇಳ್ತಾರೆ?" ಎಂದೆ.

"ಇದನ್ನು ಮನೆಯಲ್ಲಿ ಹೇಳ್ಲಿಲ್ಲ. ಒಂದೇ ಸಲಕ್ಕೆ ಆಗುವಷ್ಟು ದನಿ ಉಂಟು, ಅದು ಅಲ್ಲಿಗೆ ಇರ್ಲಿ ಅಂದ್ರು." ಅಮ್ಮ ಒಂದು ಎಲೆಯನ್ನು ತಿರುಗಿಸಿ ನೋಡಿದರು. "ಆಮೇಲೆ ಕೇಳ್ಬಹುದಿತ್ತು. ಬರೆದಾದ್ರೂ ತೋರಿಸ್ತಿದ್ರು. ನಾನು ಕೇಳ್ಲೇ ಇಲ್ಲ."

ಸಾಹೇಬನ ತುಟಿ ಸ್ವಲ್ಪ ಅಲ್ಲಾಡಿ ನಿಂತಿತು. ಮಗಳು ತಲೆಯಾಡಿಸಿದಳು. ಅವಳಿಗೆ ಕೇಳಿಸಿತ್ತು.