ಮೂರು ದಾರಿಯಲ್ಲಿ ಬಿದ್ದ ನಿಂಬೆಹಣ್ಣು

೧೯೯೪ರ ಸುಮಾರಿಗೆ ನಾನು ಮೊಪೆಡ್ ಮೇಲೆ ಹಣ್ಣು ಹೇರಿಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಸಂತೆಗಳನ್ನು ಸುತ್ತುತ್ತಿದ್ದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಆದರೆ ನನ್ನ ಬುಟ್ಟಿಯಿಂದ ಕೊಳೆತ ಹಣ್ಣು ಯಾರ ಮನೆಗೂ ಹೋದದ್ದಿಲ್ಲ. ಎಡಗಡೆ ಬುಟ್ಟಿಯಲ್ಲಿ ನಿಂಬೆ, ಮೂಸಂಬಿ, ಕಿತ್ತಳೆ; ಬಲಗಡೆ ಡಬ್ಬಗಳಲ್ಲಿ ಒಣದ್ರಾಕ್ಷಿ, ಉತ್ತುತ್ತೆ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳದ ಗಿರಾಕಿಯಿರಲಿಲ್ಲ. ಅದಕ್ಕೆ ಸರಿಯಾದ ಉತ್ತರ ಸಿಕ್ಕಿದ್ದು ಗೋವಿಂದನಹಳ್ಳಿಯ ಆಚೆ, ಹೊಲದ ನಡುವಿನ ಒಂಟಿ ಮನೆಯಲ್ಲಿ.

ಆ ಮನೆಯ ಜವರಮ್ಮ ನನ್ನ ಖಾಯಂ ಗಿರಾಕಿ. ಮಗಳು ರತ್ನ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಅವಳಿಗೆಂದು ಒಣದ್ರಾಕ್ಷಿ, ಉತ್ತುತ್ತೆ ತೆಗೆದುಕೊಳ್ಳುತ್ತಿದ್ದರು. ತಿಂಗಳುಗಳು ಕಳೆದರೂ ಮಗಳು ಹೊಸಿಲು ದಾಟಲಿಲ್ಲ. ಜವರಮ್ಮ ಮಾತ್ರ ನಿಂಬೆಹಣ್ಣನ್ನೂ ಕೇಳತೊಡಗಿದರು, ವಾರದಿಂದ ವಾರಕ್ಕೆ ಹೆಚ್ಚು.

ಅವು ಎಲ್ಲಿಗೆ ಹೋಗುತ್ತಿದ್ದವೆಂದು ತಿಳಿದದ್ದು ಒಂದು ಮಧ್ಯಾಹ್ನ, ಮೂರು ದಾರಿ ಕೂಡುವಲ್ಲಿ. ಹೋಳು ಮಾಡಿ ಕುಂಕುಮ ಹಚ್ಚಿದ ನನ್ನ ಹಣ್ಣುಗಳು ನೆಲದ ತುಂಬ ಬಿದ್ದಿದ್ದವು. ಮೇಯುತ್ತಿದ್ದ ಆಡುಗಳು ಆ ಜಾಗವನ್ನು ಬಳಸಿಕೊಂಡು ಹೋದವು. ನಾನೂ ಮೊಪೆಡ್ ಇಳಿದು ಬದುವಿನ ಮೇಲೆ ತಳ್ಳಿಕೊಂಡು ಹೋದೆ.

ಮನೆಯ ಕಿಟಕಿಗಳಿಗೆ ಗೋಣಿತಾಟು ಕಟ್ಟಿತ್ತು. ಒಳಗೆಲ್ಲ ಸಾಂಬ್ರಾಣಿ ಹೊಗೆ. ಬುಟ್ಟಿಯ ಮುಚ್ಚಳ ತೆಗೆದೆನೋ ಇಲ್ಲವೋ, ಕತ್ತಲಿನಿಂದ ದನಿ ಬಂತು.

“ಅಣ್ಣ, ಒಂದ್ ನಿಂಬೆಣ್ಣು ಕೊಡು. ತಿನ್ನಕ್ಕೆ.”

ರತ್ನ ಗೋಡೆ ಹಿಡಿದು ನಿಂತಿದ್ದಳು. ನಕ್ಕಳು. ಹಲ್ಲೆಲ್ಲ ಕೆಂಪು. ಎಲೆಅಡಿಕೆ ಹಾಕಿದ್ದಾಳೆ ಅಂದುಕೊಂಡೆ. ಜವರಮ್ಮ ಅವಳನ್ನು ಒಳಗೆ ಕಳಿಸಿ ಪಿಸುಗುಟ್ಟಿದರು:

“ಎಲೆ ಮುಟ್ಟಿ ತಿಂಗ್ಳಾಯ್ತು ಕಣಪ್ಪ. ಅದು ರಕ್ತ. ಕಾಲ್ ತುಂಬ ಯಾರೋ ಚಿವುಟ್ದಂಗೆ ನೀಲಿ ಕಲೆ. ಚಿಕ್ಕೋಳಿದ್ದಾಗ ಕುಡ್ಲು ತಾಗಿದ್ ಗಾಯ, ಮಾಯ್ದು ಎಸ್ಟು ವರ್ಸ ಆಯ್ತೋ, ಮೊನ್ನೆ ತಾನಾಗೇ ಬಾಯ್ಬುಟ್ಕಂಡದೆ. ಉಳಿ ಕೇಳ್ತಿರೋದು ನನ್ ಮಗಳಲ್ಲ. ಮೈಮ್ಯಾಲಿರೋದು.”

ಬಾಣಂತಿ ಹುಳಿ ತಿಂದರೆ ಕೂಸಿಗೆ ಶೀತವೆಂಬುದು ಆ ಮನೆಯ ಕಟ್ಟಳೆ. ತಾಜಾ ಹಣ್ಣಿಲ್ಲ, ಸೊಪ್ಪಿಲ್ಲ. ಅನ್ನ, ಮೆಣಸಿನ ಸಾರು, ನನ್ನ ಡಬ್ಬದ ಹಣ್ಣು, ಅಷ್ಟೇ. ಬಸುರಿಯಾಗಿದ್ದಾಗಲೂ ವಾಂತಿಯಿಂದ ಅವಳು ಏನನ್ನೂ ಸರಿಯಾಗಿ ತಿಂದಿರಲಿಲ್ಲವಂತೆ.

ಮಾಯ್ದ ಗಾಯ ತಾನಾಗಿ ತೆರೆದುಕೊಂಡ ಮಾತು ಕೆ.ಆರ್. ಪೇಟೆಯವರೆಗೂ ನನ್ನ ಬೆನ್ನಿಗೆ ಕೂತು ಬಂತು. ಅಲ್ಲಿ ಮೂಸಂಬಿ ಕೊಳ್ಳುತ್ತಿದ್ದ ನರ್ಸ್ ಶಾರದಮ್ಮನವರಿಗೆ ಹೇಳಿದೆ. ಅವರು ನಗಲಿಲ್ಲ. ಮಾರನೆಯ ದಿನ ನನ್ನ ಮೊಪೆಡ್ ಹತ್ತಿ ಬಂದು ರತ್ನಳ ಬಾಯಿ ತೆರೆಸಿ ನೋಡಿದರು. ಒಸಡು ಊದಿ ಕಪ್ಪಗಾಗಿತ್ತು.

“ಇದು ಸ್ಕರ್ವಿ ಇರ್ಬೇಕು. ಆಸ್ಪತ್ರೆಗೆ ಕರ್ಕಂಡ್ ಬನ್ನಿ, ಡಾಕ್ಟ್ರು ನೋಡ್ಲಿ. ಹುಳಿಹಣ್ಣು ಮಾತ್ರ ಇವತ್ತಿಂದ್ಲೇ ಕೊಡಿ.”

“ದ್ರಾಕ್ಸಿ ತಿಂತಾವ್ಳಲ್ಲ, ಅದು ಅಣ್ಣಲ್ವಾ?” ಅಂದರು ಜವರಮ್ಮ.

“ಅದ್ರಲ್ಲಿ ಶಕ್ತಿ ಅದೆ, ಕಬ್ಬಿಣದ ಅಂಶ ಅದೆ, ತಿನ್ಲಿ. ಆದ್ರೆ ವಿಟಮಿನ್ ಸಿ ಅನ್ನೋದು ಹಣ್ಣು ಒಣಗ್ತಿದ್ದಂಗೆ ಹೊರಟೋಯ್ತದೆ. ಅದಿಲ್ದಿದ್ರೆ ಮೈ ತನ್ನ ಹೊಲಿಗೇನ ತಾನೇ ಬಿಚ್ಕತದೆ. ಹಳೇ ಗಾಯನೂ ಬುಡಲ್ಲ.”

ಜವರಮ್ಮ ಬಾಗಿಲಿಗೆ ಅಡ್ಡ ನಿಂತರು. “ಕೂಸ್ಗೆ ಏನಾರ ಆದ್ರೆ?”

ಆಗ ನಾನು ಬಾಯಿ ಹಾಕಿದೆ: “ಅಕ್ಕ, ಅದು ಕೇಳ್ತಿರೋದು ನಿಂಬೆಣ್ಣು ತಾನೆ? ದಾರೀಲಿ ಎಸುದ್ರೆ ಅದ್ಕೆ ಎಲ್ಲಿ ಸಿಕ್ತದೆ? ಬಾಯ್ಗೇ ಕೊಟ್ಬುಡು. ತಿಂದ್ಕಂಡು ಓಗ್ಲಿ.”

ಜವರಮ್ಮ ಬಾಗಿಲು ಬಿಟ್ಟು ಒಳಗೆ ಹೋದರು. ಆ ದಿನದ ನಿವಾಳಿಗೆಂದು ತಟ್ಟೆಯಲ್ಲಿ ಇಟ್ಟಿದ್ದ ಹಣ್ಣನ್ನೇ ಎತ್ತಿಕೊಂಡು, ಕುಂಕುಮವನ್ನು ಸೆರಗಿನಿಂದ ಒರೆಸಿ, ನೀರಿಗೆ ಹಿಂಡಿದರು. ಒಸಡು ಉರಿದು ರತ್ನಳ ಕಣ್ಣಲ್ಲಿ ನೀರು ಸುರಿಯಿತು. ಲೋಟ ಮಾತ್ರ ಕೆಳಗಿಡಲಿಲ್ಲ.

ಆಸ್ಪತ್ರೆಯಲ್ಲಿ ಮಾತ್ರೆಯನ್ನೂ ಕೊಟ್ಟರು. ಕೆಲವೇ ದಿನಕ್ಕೆ ಬಾಯಿಯ ರಕ್ತ ನಿಂತಿತು. ನಿಧಾನವಾಗಿ ಗಾಯವೂ ಮುಚ್ಚಿತು. ಮಗಳ ಮೈಮೇಲಿದ್ದದ್ದು ತನ್ನ ಪಾಲು ಇಸಿದುಕೊಂಡು ಹೋಯಿತೆಂದೇ ಜವರಮ್ಮ ಹೇಳುತ್ತಿದ್ದರು. ನಾನು ವಾದಕ್ಕೆ ಹೋಗಲಿಲ್ಲ.

ಮೂರು ದಾರಿಯಲ್ಲಿ ಬಿದ್ದ ನಿಂಬೆಹಣ್ಣನ್ನು ನಾನು ಇವತ್ತಿಗೂ ದಾಟುವುದಿಲ್ಲ, ಬಳಸಿಕೊಂಡೇ ಹೋಗುತ್ತೇನೆ. ಆದರೆ ಮುಂದೆ ಸಿಗುವ ಮನೆಯ ಬಾಗಿಲಲ್ಲಿ ನಿಂತು, ಒಳಗೆ ಯಾರು ಮಲಗಿದ್ದಾರೆ, ಅವರಿಗೆ ಊಟಕ್ಕೆ ಏನು ಕೊಡುತ್ತಿದ್ದೀರಿ ಎಂದು ಕೇಳದೆ ಬುಟ್ಟಿಯ ಮುಚ್ಚಳ ತೆಗೆಯುವುದಿಲ್ಲ.