ಹೊಲಿದ ಪುಸ್ತಕದ ಅಡುಗೆ

ಬ್ರೆಡ್ಡು ಕಂಡರೆ ನನಗೆ ಈಗಲೂ ಯಾರಿಗೋ ಜ್ವರ ಬಂದಿರಬೇಕು ಅನ್ನಿಸುತ್ತದೆ. ಮೊಮ್ಮಕ್ಕಳು ಬೆಳಿಗ್ಗೆ ಬೆಣ್ಣೆ ಹಚ್ಚಿಕೊಂಡು ತಿನ್ನುತ್ತ ಕೂತಿದ್ದರೆ ಕೈ ತಾನಾಗಿ ಅವರ ಹಣೆ ಮುಟ್ಟಿ ನೋಡುತ್ತದೆ. ಅವರು ನಗುತ್ತಾರೆ. ನಗಲಿ ಬಿಡಿ. ನಾನು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸೊಸೆಯಾಗಿ ಬಂದದ್ದು ಐವತ್ತರ ದಶಕದಲ್ಲಿ. ಆಗ ಬ್ರೆಡ್ಡು ತಿಂಡಿಯಾಗಿರಲಿಲ್ಲ, ಔಷಧಿಯ ಹತ್ತಿರದ ನೆಂಟನಾಗಿತ್ತು. ಡಾಕ್ಟರು ಬಣ್ಣದ ನೀರಿನ ಸೀಸೆ ಕೊಟ್ಟು, ಅನ್ನ ಬೇಡ, ಹಾಲು ಬ್ರೆಡ್ಡು ಕೊಡಿ ಅಂದರೆ ಮಾತ್ರ ಅದು ಹೊಸಿಲು ದಾಟುತ್ತಿತ್ತು. ಜ್ವರ ಬಿಟ್ಟ ದಿನ ಉಳಿದ ಚೂರು ಹಸುವಿನ ಪಾಲಾಗುತ್ತಿತ್ತು. ಅಂಥ ವಸ್ತುವನ್ನು ಒಂದು ಬೇಸಿಗೆಯಿಡೀ ಗಟ್ಟಿಮುಟ್ಟಾಗಿದ್ದ ಮನೆಮಂದಿಗೆಲ್ಲ ತಿನ್ನಿಸಿದವಳು ನಾನು.

ಕಾರಣ ಒಂದು ಪುಸ್ತಕ. ನನ್ನ ಮಾವನವರದು ಪೇಟೆಯಲ್ಲಿ ಹುಣಸೆಹಣ್ಣು, ಅರಿಸಿನದ ಅಂಗಡಿ. ಪೊಟ್ಟಣ ಕಟ್ಟಲು ಹಳೆಯ ಕಾಗದವನ್ನು ಮೂಟೆಯಲ್ಲಿ ತರಿಸುತ್ತಿದ್ದರು. ಊಟಿಯ ಬಂಗಲೆಗಳಿಂದ ದೊರೆಗಳು ಗಂಟುಮೂಟೆ ಕಟ್ಟಿ ಹೊರಟ ಮೇಲೆ ಅವರ ಕಾಗದಪತ್ರಗಳೆಲ್ಲ ಘಟ್ಟ ಇಳಿದು ನಮ್ಮಂಥ ಅಂಗಡಿಗಳಿಗೆ ಬರುತ್ತಿದ್ದವು. ಯಾವ ದೊರೆಸಾನಿ ಯಾರಿಗೆ ಬರೆದ ಪ್ರೇಮಪತ್ರದಲ್ಲಿ ನಮ್ಮೂರಿನವರು ಅರಿಸಿನ ಕಟ್ಟಿಸಿಕೊಂಡು ಹೋದರೋ ದೇವರಿಗೇ ಗೊತ್ತು. ಆ ಮೂಟೆಯೊಂದರಲ್ಲಿ ನುಸಿ ತಿಂದ ರಟ್ಟಿನ ಇಂಗ್ಲಿಷ್ ಪುಸ್ತಕ ಸಿಕ್ಕಿತು. ನಮ್ಮ ತಾತನ ಕಾಲದ್ದಿರಬೇಕು, ಅಷ್ಟು ಹಳೆಯದು. ಮೊದಲಿನಿಂದ ಕೊನೆಯವರೆಗೆ ಅದರಲ್ಲಿದ್ದದ್ದು ಒಂದೇ ವಿಷಯ: ಸ್ಯಾಂಡ್‌ವಿಚ್ಚು. ಎರಡು ಬ್ರೆಡ್ಡಿನ ನಡುವೆ ಏನನ್ನಾದರೂ ಇಡುವುದು ಹೇಗೆ ಎಂದು ಹೇಳಲು ಯಾರೋ ಪುಣ್ಯಾತ್ಗಿತ್ತಿ ಇನ್ನೂರು ಪುಟ ಖರ್ಚು ಮಾಡಿದ್ದಳು.

ನಾನು ಮಿಡ್ಲ್ ಸ್ಕೂಲು ಮುಗಿಸಿದವಳು. ತವರಿನಿಂದ ತಂದ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದು ನಿಘಂಟೂ ಇತ್ತು. ಪುಸ್ತಕ, ನಿಘಂಟು ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದತೊಡಗಿದಾಗ ಮೊದಲನೆಯ ಸಂಕಟ ಎದುರಾಯಿತು. ಪುಸ್ತಕದ ತುಂಬ ಮೀನು, ಹಂದಿ, ಕೋಳಿ. ಒಂದು ಕಡೆಯಂತೂ ದನದ ನಾಲಿಗೆ. ನಮ್ಮದು ಲಿಂಗ ಕಟ್ಟಿದ ಮನೆ. ಇಂಥದ್ದು ಅಡುಗೆಮನೆಗೆ ಹೋಗುವುದು ಹೇಗೆ? ಹರಿದು ಹಾಕಲು ಮನಸ್ಸು ಬರಲಿಲ್ಲ. ಸೂಜಿಗೆ ನೂಲು ಪೋಣಿಸಿ, ಮಾಂಸದ ಪುಟಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಅಂಚಿನುದ್ದಕ್ಕೂ ಹೊಲಿದುಬಿಟ್ಟೆ. ಹೊಲಿಗೆ ಮುಗಿಯುವ ಹೊತ್ತಿಗೆ ಪುಸ್ತಕದ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ಉಳಿದ ಕಾಲು ಪಾಲು ನನ್ನ ಪಾಲಿಗೆ ಶುದ್ಧವಾಯಿತು.

ಇಷ್ಟೆಲ್ಲ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನ್ನ ನಾದಿನಿ ಮಾದೇವಿಗೆ ಆಗ ಹದಿಮೂರು. ಮಿಡ್ಲ್ ಸ್ಕೂಲು ಪಾಸಾಗಿದ್ದಳು. ಚಾಮರಾಜನಗರದಲ್ಲಿ ನನ್ನ ತವರಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗಬೇಕೆಂಬುದು ಅವಳ ಆಸೆ. ಮಾವನವರ ಅಣ್ಣ, ಕುದೇರಿನ ದೊಡ್ಡಪ್ಪ, ಅವಳಿಗೊಂದು ಗಂಡು ನೋಡಿಟ್ಟಿದ್ದರು. ಮಾವನವರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅತ್ತೆಯ ಮಾತು ಮಾತ್ರ ಖಚಿತವಾಗಿತ್ತು.

"ಓದಿರೋ ಸೊಸೆ ಬಂದು ಈ ಮನೇಲಿ ಏನ್ ಎಚ್ಚಾಯ್ತು ಯೋಳು? ಮುದ್ದೆ ಇನ್ನೂ ಗುಂಡಗಾಯ್ತಾ? ಇವಳ್ ಓದು ಇವಳ್ ಟ್ರಂಕಲ್ಲೇ ಅದೆ. ಅದ್ಕೆ ಇನ್ನೊಬ್ಬಳ್ನೂ ಓದುಸ್ಬೇಕಾ?"

ಅತ್ತೆ ಕೆಟ್ಟವರಲ್ಲ. ಮುಚ್ಚುಮರೆ ಗೊತ್ತಿಲ್ಲದ ಹೆಂಗಸು, ಅಷ್ಟೆ. ಆದರೆ ಆ ಮಾತು ನನಗೆ ನಾಟಿತು. ಮಾದೇವಿಯ ಹೈಸ್ಕೂಲು ನನ್ನ ಕೈಯಲ್ಲಿದೆ ಅನ್ನಿಸಿತು. ನನ್ನ ಓದಿನಿಂದ ಈ ಮನೆಗೆ ಒಂದಾದರೂ ಉಪಯೋಗ ಆಯಿತು ಎಂದು ತೋರಿಸಿದರೆ ಹುಡುಗಿ ಬಸ್ಸು ಹತ್ತುತ್ತಾಳೆ, ಇಲ್ಲದಿದ್ದರೆ ಹಸೆಮಣೆ ಹತ್ತುತ್ತಾಳೆ. ಶಾಲೆ ತೆರೆಯಲು ಎರಡು ತಿಂಗಳಿತ್ತು. ಅತ್ತೆಗೆ ಕಣ್ಣಿಗೆ ಕಾಣುವ ಓದು ಬೇಕು, ಅದು ಅಡುಗೆಮನೆಯಲ್ಲೇ ಕಾಣಬೇಕು. ಹಾಗೆಂದು ಲೆಕ್ಕ ಹಾಕಿ ಪುಸ್ತಕ ಬಿಚ್ಚಿದೆ.

ಬ್ರೆಡ್ಡು ತರಲು ನಮ್ಮವರು ಬಸ್ ಸ್ಟ್ಯಾಂಡಿನ ಹತ್ತಿರ ಮಲೆಯಾಳದವರೊಬ್ಬರು ಇಟ್ಟಿದ್ದ ಬೇಕರಿಗೆ ಹೋದರು. "ಯಾರಿಗೆ ಪನಿ?" ಎಂದು ಅವರು ಮರುಕದಿಂದ ಕೇಳಿದರಂತೆ, ಜ್ವರಕ್ಕೆ ಅವರ ಕಡೆ ಹಾಗೆನ್ನುತ್ತಾರೆ. ಯಾರಿಗೂ ಇಲ್ಲ ಅಂದರೆ ಯಾಕೆ ಎಂದು ವಿವರಿಸಬೇಕಾಗುತ್ತದೆಂದು ನಮ್ಮವರು "ನಮ್ಮಪ್ಪಾರ್ಗೆ" ಅಂದು ಬಂದುಬಿಟ್ಟರು.

ಮೊದಲನೆಯದು ಸೌತೆಕಾಯಿಯದು. ಬಿಲ್ಲೆ ಕತ್ತರಿಸಿ ವಿನೆಗರಿನಲ್ಲಿ ನೆನೆಹಾಕಬೇಕು. ವಿನೆಗರು ಅಂದರೆ ಹುಳಿ ನೀರು ಎಂದು ನಿಘಂಟು ಹೇಳಿತು. ಹುಳಿಗೆ ನಮ್ಮ ಅಂಗಡಿಯಲ್ಲಿ ಬರವೆ? ಹುಣಸೆಹಣ್ಣು ಕಿವುಚಿದೆ. ಬ್ರೆಡ್ಡು ಕಂದುಬಣ್ಣಕ್ಕೆ ತಿರುಗಿ ಒದ್ದೆ ಗೋಣಿಯಂತೆ ಜೋತುಬಿತ್ತು. ಇದರಲ್ಲಿ ನನ್ನ ತಪ್ಪೂ ಇತ್ತು, ಒಪ್ಪುತ್ತೇನೆ. ಆದರೆ ಎರಡನೆಯದನ್ನು ಅಕ್ಷರವೂ ಬಿಡದೆ ಪುಸ್ತಕದಂತೆಯೇ ಮಾಡಿದ್ದು: ಹಸಿ ಈರುಳ್ಳಿ, ಒಣದ್ರಾಕ್ಷಿ ಎರಡನ್ನೂ ಸಣ್ಣಗೆ ಹೆಚ್ಚಿ ಬೆಣ್ಣೆಯಲ್ಲಿ ಕಲಸುವುದು. ಮೂರನೆಯದು ಬೇಯಿಸಿ ತಣ್ಣಗೆ ಮಾಡಿದ ಹುರುಳಿಕಾಯಿ, ಸಕ್ಕರೆ, ಸಾಸಿವೆ. ಎಲ್ಲದಕ್ಕೂ ಬ್ರೆಡ್ಡಿನ ಅಂಚು ಕತ್ತರಿಸಿ ತೆಗೆಯಬೇಕೆಂದು ಆಜ್ಞೆ. ಇಡೀ ತಿಂಡಿಯಲ್ಲಿ ರುಚಿಯಿದ್ದದ್ದು ಆ ಅಂಚಿಗೆ ಮಾತ್ರ. ಅದನ್ನು ತಿಂದ ಹಸು ಆ ಬೇಸಿಗೆಯಲ್ಲಿ ಮೈತುಂಬಿಕೊಂಡಿತು.

ತಿಂಡಿಯನ್ನು ಮುಚ್ಚಿಡುವ ಈ ಯೋಚನೆಯ ಬಗ್ಗೆ ನಾನು ಆಮೇಲೆ ಬಹಳ ಸಲ ಚಿಂತಿಸಿದ್ದೇನೆ. ನಮ್ಮ ಮುದ್ದೆ ಸಾರಿನಲ್ಲಿ ಬಹಿರಂಗವಾಗಿ ಕೂತಿರುತ್ತದೆ. ರೊಟ್ಟಿಯ ಮೇಲೆ ಚಟ್ನಿ, ಬೆಣ್ಣೆ ಎಲ್ಲ ಕಣ್ಣೆದುರಿಗೇ. ಸ್ಯಾಂಡ್‌ವಿಚ್ಚು ಹಾಗಲ್ಲ, ಕಚ್ಚುವ ತನಕ ಗುಟ್ಟು ಬಿಟ್ಟುಕೊಡುವುದಿಲ್ಲ. ಮಾವನವರಿಗೆ ಇದೇ ದೊಡ್ಡ ತೊಡಕಾಯಿತು. ಏನನ್ನೇ ತಿನ್ನಲಿ, ಮೊದಲು ಲಿಂಗಕ್ಕೆ ತೋರಿಸಿ ಆಮೇಲೆ ಬಾಯಿಗಿಡುವವರು. ಮುಚ್ಚಿದ್ದನ್ನು ತೋರಿಸುವುದು ಹೇಗೆ? ಮೇಲಿನ ಬ್ರೆಡ್ಡನ್ನು ಎರಡು ಬೆರಳಿನಲ್ಲಿ ಎತ್ತಿ, ಒಳಗಿನ ಈರುಳ್ಳಿ ದ್ರಾಕ್ಷಿಯನ್ನು ಶಿವನಿಗೆ ತೋರಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ ಕೂತು, ಮತ್ತೆ ಮುಚ್ಚಿ ತಿನ್ನುತ್ತಿದ್ದರು.

ಅಲ್ಲಿಗೆ ಅದು ಪ್ರಸಾದವಾಯಿತು. ನಮ್ಮಲ್ಲಿ ಪ್ರಸಾದವನ್ನು ಬಿಡುವಂತಿಲ್ಲ, ಚೆಲ್ಲುವಂತಿಲ್ಲ, ಚೆನ್ನಾಗಿಲ್ಲ ಎನ್ನುವಂತೆಯೂ ಇಲ್ಲ. ತಟ್ಟೆಯಲ್ಲಿ ಬಿದ್ದದ್ದನ್ನು ಕೊನೆಯ ಚೂರಿನವರೆಗೆ ತಿಂದು, ತಟ್ಟೆಗೆ ನೀರು ಹಾಕಿ ಬೆರಳಿನಲ್ಲಿ ತೊಳೆದು ಆ ನೀರನ್ನೂ ಕುಡಿಯಬೇಕು. ಮಾವ ಕುಡಿದರು, ನಮ್ಮವರು ಕುಡಿದರು, ಮಾದೇವಿ ಕುಡಿದಳು, ಅತ್ತೆಯೂ ಕುಡಿದರು. ತಟ್ಟೆಗಳು ಕನ್ನಡಿಯಂತೆ ಹೊಳೆಯುತ್ತ ಒಳಗೆ ಬಂದವು. ನಾನೂ ಅದೇ ಪದ್ಧತಿಯಲ್ಲಿ ಹುಟ್ಟಿ ಬೆಳೆದವಳು, ಖಾಲಿ ತಟ್ಟೆಗೆ ಏನರ್ಥ ಎಂದು ಚೆನ್ನಾಗಿ ಬಲ್ಲವಳು. ಆದರೂ ನೋಡಿ, ಹೊಗಳಿಕೆಯ ಹಸಿವಿದ್ದಾಗ ಬಲ್ಲದ್ದೆಲ್ಲ ಮರೆತುಹೋಗುತ್ತದೆ. ಎಲ್ಲರಿಗೂ ಹಿಡಿಸಿದೆ ಎಂದೇ ತಿಳಿದೆ. ವಾರಕ್ಕೆರಡು ಸಲ ಮಾಡತೊಡಗಿದೆ.

ನನಗೆ ಹಿಡಿಸಿತ್ತೆ? ಇಲ್ಲ. ಹುರುಳಿಕಾಯಿಯದನ್ನಂತೂ ಮೂಗು ಹಿಡಿದು ನುಂಗಿದ್ದೆ. ಆದರೆ ಅಚ್ಚಾದ ಪುಸ್ತಕ, ಅದೂ ಇಂಗ್ಲಿಷಿನಲ್ಲಿ, ಅದೂ ಅಷ್ಟು ಹಳೆಯದು, ಅದು ತಪ್ಪಿರುತ್ತದೆಯೆ? ನನ್ನ ನಾಲಿಗೆಗೇ ಸಂಸ್ಕಾರ ಸಾಲದು ಎಂದುಕೊಂಡೆ.

ಇಷ್ಟರಲ್ಲಿ ಊರಿನಲ್ಲಿ ಸುದ್ದಿ ಹರಡಿತ್ತು. ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಮೂಸಂಬಿ ಹಿಡಿದು ಬಂದರು. "ಏನವ್ವ, ಯಜಮಾನ್ರಿಗೆ ಉಸಾರಿಲ್ದೆ ತಿಂಗ್ಳಾಯ್ತಂತೆ, ನಮಗೊಂದ್ ಮಾತು ಯೋಳ್ನಿಲ್ವಲ್ಲ" ಎಂದು ಕಣ್ಣೊರೆಸಿಕೊಂಡರು. ಆ ಹೊತ್ತಿಗೆ ಸರಿಯಾಗಿ ಮಾವನವರು ಅರಿಸಿನದ ಮೂಟೆಯೊಂದನ್ನು ಬೆನ್ನ ಮೇಲೆ ಹೊತ್ತು ಒಳಗೆ ಬಂದರು. ಆಕೆ ಮೂಸಂಬಿಯನ್ನು ಕೊಟ್ಟೇ ಹೋದರು. ಮೂಟೆ ಹೊರುವಷ್ಟು ಜ್ವರ ನೆತ್ತಿಗೇರಿರಬೇಕು ಎಂದು ಆಮೇಲೆ ಯಾರ ಹತ್ತಿರವೋ ಹೇಳಿದರಂತೆ.

ಮೇ ತಿಂಗಳ ಕೊನೆಯಲ್ಲಿ ಕುದೇರಿನ ದೊಡ್ಡಪ್ಪ ಬಂದರು. ಗಂಡಿನ ಕಡೆಯವರಿಗೆ ಮಾತು ಕೊಟ್ಟುಬಿಡುವುದೋ ಬೇಡವೋ, ಅವತ್ತೇ ತೀರ್ಮಾನವಾಗಬೇಕಿತ್ತು. ಮಾದೇವಿ ನನ್ನ ಸೆರಗು ಹಿಡಿದು, "ಅತ್ತಿಗೆ, ಏನಾರ ಮಾಡಿ" ಅಂದಳು. ಏನಾದರೂ ಮಾಡುವುದು ನನಗೆ ಗೊತ್ತಿದ್ದದ್ದು ಒಂದೇ. ಪುಸ್ತಕದಲ್ಲಿ ದೊಡ್ಡ ಅತಿಥಿಗಳಿಗೆ ತಕ್ಕದ್ದು ಎಂದು ಬರೆದಿದ್ದ ಒಂದನ್ನು ಕಾದಿರಿಸಿದ್ದೆ. ಬೇಯಿಸಿದ ಆಲೂಗಡ್ಡೆ, ಕಳಿತ ಬಾಳೆಹಣ್ಣು ಎರಡನ್ನೂ ಒಟ್ಟಿಗೆ ಹಿಸುಕಿ, ಅರೆದ ಸಾಸಿವೆ ಧಾರಾಳವಾಗಿ ಬೆರೆಸಿ, ಮೇಲೆ ಸಕ್ಕರೆ ಉದುರಿಸಿ, ತಣ್ಣಗೆ ಕೊಡಬೇಕು.

ದೊಡ್ಡಪ್ಪ ದೈವಭಕ್ತರು. ತಮ್ಮನ ಹಾಗೆಯೇ ಮೇಲಿನ ಬ್ರೆಡ್ಡು ಎತ್ತಿದರು, ತೋರಿಸಿದರು, ಮುಚ್ಚಿದರು. ಒಂದು ತುತ್ತು ಕಚ್ಚಿ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ಮತ್ತೆ ಅಗಿದರು. ಕಣ್ಣಲ್ಲಿ ನೀರಾಡಿತು. ಸಾಸಿವೆ ಹದವಾಗಿ ಬಿದ್ದಿದೆ ಎಂದು ನಾನು ಬೀಗಿದೆ. ಕೊನೆಯ ಚೂರು ಒಳಗೆ ಹೋದ ಕೂಡಲೇ, ಅವರು ತಟ್ಟೆಗೆ ಕೈ ಅಡ್ಡ ಹಿಡಿಯುವುದಕ್ಕೆ ಮುಂಚೆ, ಇನ್ನೆರಡು ಬಡಿಸಿಬಿಟ್ಟೆ. ಬಿದ್ದದ್ದು ಬಿದ್ದಾಯಿತು, ಬಿಡುವಂತಿಲ್ಲ. ಆ ಹಿರಿಯರು ಅವೆರಡನ್ನೂ ತಿಂದು, ತಟ್ಟೆ ತೊಳೆದು ನೀರು ಕುಡಿದು, ಗೋಡೆಗೊರಗಿ ಕೂತರು. ಆಮೇಲೆ ಮಾತಾಡಿದರು. ನಾನು ಬಾಗಿಲ ಹಿಂದೆಯೇ ಇದ್ದೆ.

"ತಮ್ಮಾ, ಓದ್ದೋರ್ ಕೈರುಚಿ ನೋಡ್ದೆ. ಇನ್ನೊಬ್ಬಳ್ನೂ ಓದುಸ್ಬುಟ್ರೆ ನಮ್ಮೋರು ಅನ್ನ ಕಾಣಾಕಿಲ್ಲ. ಸುಮ್ಕೆ ಮದ್ವೆ ಮಾಡ್ಬುಡನ."

ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅವಮಾನಕ್ಕಲ್ಲ, ಅಥವಾ ಅವಮಾನಕ್ಕೆ ಮಾತ್ರ ಅಲ್ಲ. ಒಂದು ಹುಡುಗಿಯ ಶಾಲೆಯನ್ನು ನಾನೇ ಕೈಯಾರೆ ಆಲೂಗಡ್ಡೆಯ ಜೊತೆ ಹಿಸುಕಿ ಹಾಕಿದ್ದೆ. ಅತ್ತೆ ಬಂದು ಎದುರಿಗೆ ಕೂತರು.

"ನೀನ್ ತಿಂದ್ ನೋಡುದ್ಯಾ?"

"ಊಂ."

"ಎಂಗಿತ್ತು?"

"ಚೆನ್ನಾಗಿರ್ನಿಲ್ಲ ಅತ್ತೆ."

"ಮೊದ್ಲಿಂದ ಮಾಡುದ್ಯಲ್ಲ, ಅವು?"

"ಅವೂ ಚೆನ್ನಾಗಿರ್ನಿಲ್ಲ."

"ಮತ್ಯಾಕಮ್ಮಿ ಮಾಡ್ದೆ?"

"ಬುಕ್ಕಲ್ಲಿ ಅಂಗೇ ಬರ್ದಿತ್ತು. ನನ್ ನಾಲ್ಗೇಗೇ ಗೊತ್ತಾಗ್ನಿಲ್ಲ ಅನ್ಕಂಡೆ."

ಅತ್ತೆ ನನ್ನನ್ನೇ ನೋಡಿದರು. ಬೈಯುತ್ತಾರೆಂದು ಕಾದೆ. "ನೀನ್ ಎಲ್ಲಿಗಂಟ ಓದಿದ್ದಯ್ಯೆ?" ಎಂದು ಕೇಳಿದರು. ಮಿಡ್ಲ್ ಸ್ಕೂಲಿನ ತನಕ ಅಂದೆ. ಅವರು ಎದ್ದು ಹೊಸಿಲ ಹತ್ತಿರ ಹೋದರು. ಭಾವನವರೊಡನೆ ನೇರವಾಗಿ ಮಾತಾಡುವ ರೂಢಿಯಿಲ್ಲ. ಕಂಬದ ಮರೆಯಲ್ಲಿ ನಿಂತು, ಗಂಡನಿಗೆ ಹೇಳುವ ಹಾಗೆ, ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು.

"ಬಾವಾರ್ಗೆ ಯೋಳಿ. ನಮ್ ಸೊಸೆ ಓದಿದ್ದು ಎಚ್ಚಾಗಿ ಇಂಗಾಗ್ನಿಲ್ಲ. ಅರ್ಧಕ್ಕೆ ನಿಲ್ಸುದ್ರಲ್ಲ, ಅದ್ಕೆ ಆಗದೆ. ಅಷ್ಟೇ ಓದುದ್ರೆ ಬುಕ್ಕಲ್ ಇರೋದ್ನೆಲ್ಲ ನಂಬ್ತಾರೆ, ತನ್ ನಾಲ್ಗೆ ನಂಬಾಕಿಲ್ಲ. ಮಾದೇವಿ ಮುಂದ್ಕೋಗ್ಲಿ. ಈ ಬುಕ್ಕು ತಪ್ಪು ಅಂತ ಯೋಳೋಗಂಟ ಓದ್ಲಿ."

ವಾದ ಮಾಡುವ ಸ್ಥಿತಿಯಲ್ಲಿ ದೊಡ್ಡಪ್ಪನ ಹೊಟ್ಟೆ ಇರಲಿಲ್ಲವೇನೋ. ಒಂದು ಲೋಟ ಮಜ್ಜಿಗೆ ಕೇಳಿದರು. ಮಾವನವರು ಮಾತ್ರ, "ಸರಿಯಾಗ್ ಯೋಳ್ದೆ ಕಣ" ಎಂದು ತಕ್ಷಣ ಒಪ್ಪಿಕೊಂಡರು. ಐದು ವಾರದ ಪ್ರಸಾದ ಅವರನ್ನು ಆ ತೀರ್ಮಾನಕ್ಕೆ ಹದಮಾಡಿತ್ತು.

ಅತ್ತೆ ಅಷ್ಟು ದಿನ ಯಾಕೆ ಬಾಯಿಬಿಡಲಿಲ್ಲ ಎಂಬುದು ನನ್ನನ್ನು ಕೊರೆಯುತ್ತಿತ್ತು. ಪ್ರಸಾದ ಸರಿ, ಆದರೆ ಊಟ ಮುಗಿದ ಮೇಲೆ ಸೊಸೆಗೆ ಒಂದು ಮಾತು ಹೇಳಲು ಯಾವ ಪದ್ಧತಿಯೂ ಅಡ್ಡ ಬರುವುದಿಲ್ಲ. ಒಂದು ದಿನ ಕೇಳಿಯೇಬಿಟ್ಟೆ. ಅವರು ರಾಗಿ ಕೇರುತ್ತಿದ್ದರು. "ನೀನ್ ಓದ್ದೋಳು. ನಂಗೇನ್ ತಿಳೀತದೆ ಅನ್ಕಂಡಿ" ಅಂದರು, ಮೊರದಿಂದ ಕಣ್ಣೆತ್ತದೆ. ಮೂವತ್ತು ವರ್ಷ ಒಲೆಯ ಮುಂದೆ ಬೆಂದ ಹೆಂಗಸು, ಉಪ್ಪು ಹುಳಿಯ ವಿಷಯದಲ್ಲಿ ಆ ಬೀದಿಗೇ ನ್ಯಾಯ ಹೇಳುವವರು, ನುಸಿ ತಿಂದ ಒಂದು ಪುಸ್ತಕದೆದುರು ತನ್ನ ನಾಲಿಗೆಯನ್ನೇ ಅನುಮಾನಿಸಿದ್ದರು. ಓದದ ಅವರೂ ಅರೆ ಓದಿದ ನಾನೂ ಒಂದೇ ತಪ್ಪು ಮಾಡಿದ್ದೆವು. ಹಾಗೆ ನೋಡಿದರೆ ಕಂಬದ ಮರೆಯಲ್ಲಿ ಅವತ್ತು ಅವರು ಮಗಳಿಗಾಗಿ ಓದು ಕೇಳಿದ್ದರಲ್ಲಿ ತನಗಾಗಿ ಕೇಳಿದ್ದೂ ಒಂದಿಷ್ಟು ಸೇರಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಜೂನಿನಲ್ಲಿ ಮಾದೇವಿ ಚಾಮರಾಜನಗರದ ಬಸ್ಸು ಹತ್ತಿದಳು. ದಾರಿಗೆಂದು ನಾನು ಕಟ್ಟಿಕೊಟ್ಟಿದ್ದ ಬುತ್ತಿ ಅವಳ ಮಡಿಲಲ್ಲಿತ್ತು. ಕಿಟಕಿಯ ಪಕ್ಕ ಕೂತವಳು ಗಂಟಿನ ಒಂದು ತುದಿ ಮೆಲ್ಲಗೆ ಬಿಚ್ಚಿ, ಮೂಗಿನ ಹತ್ತಿರ ತಂದು, ನನ್ನನ್ನು ನೋಡಿದಳು.

"ಅತ್ತಿಗೆ, ಇದು ಬುಕ್ಕಿಂದಾ?"

"ಅಲ್ಲ ಕಣಮ್ಮಿ. ಅಕ್ಕಿ ರೊಟ್ಟಿ, ಉಚ್ಚೆಳ್ಳು ಚಟ್ನಿ. ನಾನೇ ಮಾಡಿದ್ದು."

ಅಷ್ಟಕ್ಕೇ ನಂಬಲಿಲ್ಲ ಅವಳು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಅಗಿದು ನೋಡಿ, ಆಮೇಲೆ ಗಂಟು ಕಟ್ಟಿದಳು. ಹೈಸ್ಕೂಲಿನಲ್ಲಿ ಅವಳು ಕಲಿಯಬೇಕಾದದ್ದು ಇನ್ನು ಬಹಳವೇನೂ ಉಳಿದಿಲ್ಲ ಎಂದುಕೊಂಡು ನಾನು ಬಸ್ಸಿಗೆ ಕೈ ಬೀಸಿದೆ.