ರೆಫ್ರಿ ಮಡೆಪ್ಪ ಹಾಕಿದ ಕೊಸರು

ಆಟದ ಮರುದಿನ ಭಾಲ್ಕಿಯ ಕಾಳಿನ ಪೇಟೆಯಾದ ಗಂಜಿನಲ್ಲಿರುವ ಮಡೆಪ್ಪನ ಅಡತ ಅಂಗಡಿಗೆ ಹೋದವರಿಗೆ ತೊಗರಿಯ ಧಾರಣೆ ಕೂಡಲೇ ತಿಳಿಯುತ್ತಿರಲಿಲ್ಲ. ಮೊದಲು ರೆಫ್ರಿಯ ಧಾರಣೆ ಹೊರಬೀಳಬೇಕಿತ್ತು. ಮಡೆಪ್ಪ ಗಾದಿಯ ಮೇಲೆ ಕಾಲು ಮಡಚಿ ಕೂತು, ಬೀದರಿನಿಂದ ಬಂದ ರೆಫ್ರಿ ನಿನ್ನೆ ಭಾಲ್ಕಿ ಫುಟ್‌ಬಾಲ್ ಟೀಮಿಗೆ ಮಾಡಿದ ಅನ್ಯಾಯಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿ ತೋರಿಸುತ್ತಿದ್ದ. ಮಾಲು ತಂದ ರೈತ ಚಹಾ ಕುಡಿದು, ತಲೆಯಾಡಿಸಿ, “ಖರೇ ಅದರಿ ಸಾವುಕಾರ್ರ, ಭಾಳ ಅನ್ಯಾಯ” ಅನ್ನಬೇಕು. ಹಾಗೆ ಅಂದವನ ಚೀಲಗಳನ್ನು ಹರಾಜು ಕೂಗುವ ಸವಾಲಿನಲ್ಲಿ ಮಡೆಪ್ಪನ ದನಿ ತುಸು ಮೇಲೇರುತ್ತದೆ ಎಂದು ಗಂಜಿನ ಮಂದಿ ಆಡಿಕೊಳ್ಳುತ್ತಿದ್ದರು. ಸುಳ್ಳಿರಲಿಕ್ಕಿಲ್ಲ.

ಇಷ್ಟೆಲ್ಲ ಮಾತಾಡುವ ಮಡೆಪ್ಪ ಜೀವಮಾನದಲ್ಲಿ ಚೆಂಡನ್ನು ಒಂದೇ ಸಲ ಒದ್ದಿದ್ದ. ಗೆರೆ ದಾಟಿ ತನ್ನ ಕಾಲಬುಡಕ್ಕೆ ಬಂದ ಚೆಂಡನ್ನು ಹಿಂದಕ್ಕೆ ಕಳಿಸಲು ಹೋದಾಗ ಚೆಂಡು ಅಲ್ಲೇ ಉಳಿದು ಚಪ್ಪಲಿ ಮಾತ್ರ ಮೈದಾನದ ನಡುವೆ ಹೋಗಿ ಬಿದ್ದಿತ್ತು. ಆದರೆ ಆಟದ ಕಾಯಿದೆಗಳು ತನಗೆ ತಿಳಿದಷ್ಟು ಇಡೀ ಬೀದರ ಜಿಲ್ಲೆಯಲ್ಲಿ ಯಾರಿಗೂ ತಿಳಿಯವು ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಆ ಜ್ಞಾನವೆಲ್ಲ ಭಾಲ್ಕಿಯ ಪರವಾಗಿಯೇ ಇರುತ್ತಿತ್ತು.

ಆ ಸಲದ ಅನ್ಯಾಯ ಮಾತ್ರ ದೊಡ್ಡದು. ಭಾಲ್ಕಿ ಸ್ಟೇಷನ್ನಿನ ಹತ್ತಿರದ ಬಯಲಿನಲ್ಲಿ ಗೋಲಿಗೆ ಎರಡು ಕಂಬಗಳಿದ್ದವು, ಮೇಲೊಂದು ಅಡ್ಡಪಟ್ಟಿ ಇತ್ತು, ಬಲೆ ಇರಲಿಲ್ಲ. ಬೀದರ ಟೀಮಿನ ಎದುರು ಭಾಲ್ಕಿಯ ಕ್ಯಾಪ್ಟನ್ ಲಾಲ ಅಹ್ಮದ ಹೊಡೆದ ಚೆಂಡು ಕಂಬ ದಾಟಿ ಹಿಂದಿನ ಹೊಲಕ್ಕೆ ಹೋಯಿತು. ಗೋಲೆಂದು ಊರೆಲ್ಲ ಕುಣಿಯಿತು. ಬೀದರಿನ ಸಾಲೆಯಲ್ಲಿ ಡ್ರಿಲ್ ಕಲಿಸುವ ರೆಫ್ರಿ ಅಯ್ಯುಬ ಮಾಸ್ತರ ಮಾತ್ರ ಕೈಯಾಡಿಸಿ, ಹೊರಗೆ ಹೋಯಿತು ಎಂದುಬಿಟ್ಟ.

“ಚೆಂಡ ಬಿದ್ದದ್ದು ಗೋಲಿನ ಹಿಂದಿನ ತೊಗರಿ ಹೊಲದಾಗ” ಎಂದು ಮಡೆಪ್ಪ ಗಾದಿಯನ್ನು ಗುದ್ದಿ ಹೇಳುತ್ತಿದ್ದ. “ಹೊರಗ ಹೋಗಿದ್ದರ ಬಾಜೂಕಿನ ಕಡ್ಲಿ ಹೊಲದಾಗ ಬೀಳಬೇಕಿತ್ತು. ತೊಗರಿ ಬ್ಯಾರೆ, ಕಡ್ಲಿ ಬ್ಯಾರೆ. ಅಷ್ಟೂ ತಿಳೀದವನ ಕೈಯಾಗ ಸೀಟಿ ಕೊಟ್ಟಾರ.”

ಎದುರಿಗೆ ಕೂತಿದ್ದ ಲಾಲ ಅಹ್ಮದ, ಮನೆಯಂಗಳದಲ್ಲೇ ಬಟ್ಟೆಗೆ ಬಣ್ಣ ಹಾಕಿ ಬದುಕುವವನು, ಬೆರಳಿಗಂಟಿದ ನೀಲಿ ಬಣ್ಣವನ್ನು ಕೆರೆಯುತ್ತ ಅಂದ: “ಮಾಸ್ತರ ಬ್ಯಾಳಿ ಮಾತ್ರ ತಾಟಿನಾಗ ನೋಡ್ಯಾನ ಮಡೆಪ್ಪಾ. ಗಿಡ ಹ್ಯಾಂಗ ಗುರ್ತು ಹಿಡೀಬೇಕು.”

“ನೀ ನಗ್ತಿ. ಆಗಲೇ ಅಂವನ ಮುಂದ ಹೋಗಿ ಕೇಳಬೇಕಿತ್ತು.”

“ಕೇಳಿದೆ. ರೆಫ್ರಿ ಹೇಳಿದ್ದೇ ಹುಕುಂ ಅಂದ.”

“ಹುಕುಂ ನಡಸೂ ಕಾಲ ಹೋಗ್ಯದ ಅಂತ ಅಂವಗ ಯಾರೂ ಹೇಳಿಲ್ಲೇನು” ಎಂದ ಮಡೆಪ್ಪ, ಎರಡನೇ ಚಹಾ ತರಿಸಿದ.

ಹೈದರಾಬಾದ ಸಂಸ್ಥಾನ ಬಿದ್ದು, ಹುಕುಂ ನಡೆಸುವ ಕಾಲ ಹೋಗಿ ಮೂರು ವರ್ಷವಾಗಿತ್ತು. ಪೊಲೀಸ್ ಆಕ್ಷನ್ನಿಗೆ ಮೊದಲು ರಜಾಕಾರರು ಮಡೆಪ್ಪನ ಗೋದಾಮಿನ ಜೋಳವನ್ನು ಗಾಡಿಗಟ್ಟಲೆ ಹೇರಿಕೊಂಡು ಹೋಗಿದ್ದರು. ಅದನ್ನು ಯಾರೂ ಕೇಳಲಿಲ್ಲ. ಆಕ್ಷನ್ನಾದ ವಾರದಲ್ಲಿ ಲಾಲ ಅಹ್ಮದನ ಬಣ್ಣದ ಅಂಗಡಿಗೆ ಬೆಂಕಿ ಬಿತ್ತು. ಹಚ್ಚಿದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಅದನ್ನೂ ಯಾರೂ ಕೇಳಲಿಲ್ಲ, ಮಡೆಪ್ಪನೂ ಕೇಳಲಿಲ್ಲ. ಚಿಕ್ಕಂದಿನಿಂದ ಒಂದೇ ಓಣಿಯಲ್ಲಿ ಬೆಳೆದ ಇಬ್ಬರೂ ಈ ಎರಡು ವಿಷಯಗಳನ್ನು ಎಂದೂ ಎತ್ತುತ್ತಿರಲಿಲ್ಲ. ಇಂಥ ಅನ್ಯಾಯಗಳ ಬಗ್ಗೆ ಬಾಯಿ ಬಿಗಿಹಿಡಿದವರು ಆಫ್‌ಸೈಡಿನ ಬಗ್ಗೆ ಮಾತ್ರ ಗಂಟಲು ಹರಿಯುವಂತೆ ಕೂಗಾಡುತ್ತಿದ್ದರು.

ಟೀಮೂ ಹಾಗೇ ಅರ್ಧ ಸುಟ್ಟು ಉಳಿದಿತ್ತು. ಹಳಬರಲ್ಲಿ ಕೆಲವರು ಹೈದರಾಬಾದಿಗೆ ಹೋದರು, ಕೆಲವರು ಕರಾಚಿಗೆ ಹೋದರು. ಅವರ ಜಾಗದಲ್ಲಿ ಗಂಜಿನ ಹಮಾಲರು, ಸ್ಟೇಷನ್ನಿನ ಪಾಯಿಂಟ್ಸ್‌ಮನ್, ಒಬ್ಬ ಅಗಸ ಸೇರಿಕೊಂಡರು. ಹಮಾಲರು ಚೆಂಡನ್ನು ಬಿಟ್ಟು ಎದುರಾಳಿಯನ್ನೇ ಎತ್ತಿ ಬದಿಗಿಡುತ್ತಿದ್ದರು. ಆ ಹಂಗಾಮಿನಲ್ಲಿ ಭಾಲ್ಕಿ ಆಡಿದ್ದನ್ನೆಲ್ಲ ಸೋತಿತ್ತು. ಉಳಿದದ್ದು ಔರಾದದ ಎದುರಿನ ಕಡೆಯ ಆಟ. ಬೀದರಿನ ಕಮಿಟಿಯದೊಂದು ಕಾಯಿದೆ ಇತ್ತು: ಇಡೀ ಹಂಗಾಮಿನಲ್ಲಿ ಒಂದಾದರೂ ಪಾಯಿಂಟು ಗಳಿಸದ ಟೀಮನ್ನು ಮುಂದಿನ ವರ್ಷ ಕರೆಯುವುದಿಲ್ಲ. ಔರಾದದ ಎದುರು ಗೆಲ್ಲದಿದ್ದರೂ ಸರಿ, ಸಮ ಮಾಡಿಕೊಂಡರೆ ಟೀಮು ಉಳಿಯುತ್ತಿತ್ತು.

ಆ ದಿನವೇ ಲಾಲ ಅಹ್ಮದ ಚಹಾದ ಬಶಿ ಕೆಳಗಿಟ್ಟು ಹೇಳಿದ: “ಮಕ್ಸೂದ ಹೈದರಾಬಾದಿಗೆ ಬಾ ಅಂತಾನ. ಅಲ್ಲಿ ಬಣ್ಣದ ಕಾರಖಾನ್ಯಾಗ ಕೆಲಸ ಅದಂತ.”

ಮಕ್ಸೂದ ಅವನ ತಮ್ಮ. ಆಕ್ಷನ್ನಾದ ವರ್ಷವೇ ಊರು ಬಿಟ್ಟವನು.

“ಅಂವ ಕರೀಲಾಕೇನು, ಕರೀತಾನ” ಎಂದ ಮಡೆಪ್ಪ. “ನೀ ಏನಂದಿ?”

“ಟೀಮ್ ಇದ್ದರ ಸಂಜಿಗೆ ಹತ್ತು ಮಂದಿ ನನ್ನ ಮನಿ ಮುಂದ ಬಂದು ಕರೀತಾರ. ಟೀಮ್ ಹೋದರ ಯಾರು ಕರೀತಾರ? ಔರಾದದ ಆಟ ಆಗಲಿ. ಅದೂ ಹೋತಂದ್ರ ಗಾಡಿ ಹತ್ತತೀನಿ.”

ಮಡೆಪ್ಪನಿಗೆ ಮೈಯೆಲ್ಲ ಉರಿಯಿತು. ಮಕ್ಸೂದನನ್ನು ಬೈದ, ಕಮಿಟಿಯನ್ನು ಬೈದ, ತೊಗರಿ ತಿಳಿಯದ ಮಾಸ್ತರನನ್ನು ಮತ್ತೊಮ್ಮೆ ಬೈದ. ‘ಹೋಗಬೇಡ’ ಎಂಬ ಒಂದು ಮಾತು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ.

ಔರಾದದವರು ಲಾರಿ ತುಂಬ ಬಂದರು. ಮುಂದಾಳು ಧೊಂಡಿಬಾ, ಉಣ್ಣೆ ವ್ಯಾಪಾರಿ, ಹೆಗಲ ಮೇಲೆ ಕರಿ ಕಂಬಳಿ. ಬಹಳ ವರ್ಷಗಳಿಂದ ಮಡೆಪ್ಪನ ಅಂಗಡಿಯಲ್ಲೇ ಜೋಳ ಒಯ್ಯುವ ಗಿರಾಕಿ. ಎಲ್ಲರೂ ಸೇರಿದ ಮೇಲೆ ಬೀದರಿನ ರೈಲುಗಾಡಿ ಬಂತು, ಅಯ್ಯುಬ ಮಾಸ್ತರ ಇಳಿಯಲಿಲ್ಲ. ಅವನಿಗೆ ಜ್ವರ. ಸೀಟಿಯನ್ನು ಮಾತ್ರ ಗಾರ್ಡಿನ ಕೈಯಲ್ಲಿ ಕಳಿಸಿದ್ದ, ಎರಡೂ ಊರಿನವರು ಒಪ್ಪಿದ ಒಬ್ಬನಿಗೆ ಕೊಡಿ ಎಂದು ಹೇಳಿ.

“ಇಲ್ಲೇ ಇದ್ದಾರಲ್ಲ ಮಡೆಪ್ಪ ಸಾವುಕಾರ್ರು” ಎಂದ ಧೊಂಡಿಬಾ. “ಅಂಗಡ್ಯಾಗ ಕುಂತಲ್ಲೇ ಎಷ್ಟು ಆಟ ಊದ್ಯಾರ. ಇವತ್ತ ನಿಂತು ಊದಲಿ.”

“ನಾ ಭಾಲ್ಕಿಯವ, ನಿಮಗ ನಡೀತದೇನು?”

“ನಿಮ್ಮ ತಕ್ಕಡಿ ನೋಡೀವಿ. ಸೀಟಿನೂ ಹಂಗೇ ಇರ್ಲಿಕ್ಕೇ ಬೇಕು.”

ಮಂದಿ ನಕ್ಕರು. ಮಡೆಪ್ಪ ಧೋತರದ ಚುಂಗನ್ನು ಹಿಂದಕ್ಕೆ ಸಿಗಿಸಿ, ಜೇಬಿನ ಗಡಿಯಾರ ತೆಗೆದು ಎರಡೂ ಕ್ಯಾಪ್ಟನ್ನರಿಗೆ ತೋರಿಸಿ, ಸೀಟಿ ಊದಿದ. ಮಾಸ್ತರ ಬಾಯಿಟ್ಟ ಸೀಟಿಯೆಂದು ಮೊದಲು ರುಮಾಲಿನಿಂದ ಚೆನ್ನಾಗಿ ಒರೆಸಿಕೊಂಡಿದ್ದ.

ಭಾಲ್ಕಿಯ ಪರ ವಹಿಸಿದನೆಂಬ ಮಾತು ಬರಬಾರದೆಂದು ಅವನು ಭಾಲ್ಕಿಯನ್ನೇ ಹಿಂಡಿದ. ಅಗಸ ಎದುರಾಳಿಯ ಹತ್ತಿರ ಸುಳಿದರೆ ಸೀಟಿ, ಹಮಾಲ ಉಸಿರಾಡಿದರೆ ಸೀಟಿ. ಔರಾದದವನೊಬ್ಬ ಗೋಲಿನ ಮುಂದೆಯೇ ಚೆಂಡನ್ನು ಕೈಯಿಂದ ತಡೆದ, ಊರೆಲ್ಲ ಕಂಡಿತು. ಮಡೆಪ್ಪನೂ ಕಂಡ, ಪೆನಾಲ್ಟಿ ಮಾತ್ರ ಕೊಡಲಿಲ್ಲ. ಲಾಲ ಅಹ್ಮದ ನಿಂತು ಅವನ ಮುಖ ನೋಡಿ, ಮತ್ತೆ ಓಡಿದ. ಔರಾದ ಒಂದು ಗೋಲು ಹಾಕಿತು. ಆಟ ಮುಗಿಯಲು ಬಂದಾಗ ಲಾಲ ಅಹ್ಮದ, ನಲವತ್ತು ದಾಟಿದ ಮನುಷ್ಯ, ಏದುಸಿರು ಬಿಡುತ್ತಲೇ ಒಬ್ಬನನ್ನು ತಪ್ಪಿಸಿ ಚೆಂಡನ್ನು ಎರಡು ಕಂಬಗಳ ನಟ್ಟನಡುವೆ ಹೊಡೆದ. ತೊಗರಿಯೋ ಕಡಲೆಯೋ ಎಂದು ಕೇಳುವ ಹಾಗೆಯೇ ಇರಲಿಲ್ಲ. ಎರಡೂ ಟೀಮು ಸಮ.

ಮಡೆಪ್ಪ ಗಡಿಯಾರ ನೋಡಿದ. ಹೊತ್ತು ಮುಗಿದಿತ್ತು. ಸೀಟಿ ಊದಿದರೆ ಪಾಯಿಂಟು ಬಂತು, ಟೀಮು ಉಳಿಯಿತು, ಲಾಲ ಅಹ್ಮದ ಉಳಿದ. ಸೀಟಿ ತುಟಿಯ ತನಕ ಹೋಗಿತ್ತು.

ಆಗ ಗೆರೆಯ ಆಚೆಯಿಂದ ಧೊಂಡಿಬಾನ ದನಿ ಕೇಳಿಸಿತು. “ಸಾವುಕಾರ್ರ, ಕೊಸರ ಹಾಕ್ರಿ.”

ಗಂಜಿನಲ್ಲಿ ಜೋಳದ ಕಡೆಯ ಸೇರು ಸುರಿದ ಮೇಲೆ ಪ್ರತಿ ಸಲವೂ ಅವನು ಆಡುತ್ತಿದ್ದ ಮಾತು ಅದು. ಆ ಮಾತು ಬಿದ್ದ ಮೇಲೆ ಮಡೆಪ್ಪನ ಕೈ ರಾಶಿಗೆ ಹೋಗಿ ಒಂದು ಬೊಗಸೆ ಹೆಚ್ಚಿಗೆ ಹಾಕದೆ ಹಿಂದೆ ಬಂದದ್ದೇ ಇಲ್ಲ. ಅಳತೆ ಮುಗಿಯಿತು ಎಂದು ಗಿರಾಕಿಯ ಮುಖದ ಮೇಲೆ ಹೊಡೆದಂತೆ ಹೇಳುವುದು ಅಂಗಡಿಯ ಮರ್ಯಾದೆಯಲ್ಲ. ತಂದೆಯ ಕಾಲದಿಂದ ಹಾಗೇ ನಡೆದಿತ್ತು. ಸೀಟಿ ಹಿಡಿದ ಕೈ ತಾನಾಗಿ ಕೆಳಗಿಳಿಯಿತು. ತಾನೇನು ಮಾಡಿದೆನೆಂದು ಮಡೆಪ್ಪನಿಗೆ ಹೊಳೆಯುವುದರೊಳಗೆ ಔರಾದದ ಉದ್ದನೆಯ ಹುಡುಗ ಚೆಂಡಿಗೆ ತಲೆ ಕೊಟ್ಟಿದ್ದ. ಚೆಂಡು ಅಡ್ಡಪಟ್ಟಿಯ ಕೆಳಗಿಂದ ಹಾದು ತೊಗರಿ ಹೊಲಕ್ಕೆ ಹೋಯಿತು.

ಸೀಟಿ ಊದಲೇಬೇಕಾಯಿತು. ಗೋಲಿಗೊಮ್ಮೆ ಊದಿದ, ಆಟ ಮುಗಿಯಿತೆಂದು ಮತ್ತೊಮ್ಮೆ ಊದಿದ.

ಹಮಾಲರು ಅವನ ಸುತ್ತ ನೆರೆದರು. ಹೊತ್ತು ಮುಗಿದದ್ದನ್ನು ಸ್ಟೇಷನ್ನಿನ ಗಡಿಯಾರದಲ್ಲೇ ನೋಡಿದ್ದೇವೆ ಎಂದು ಪಾಯಿಂಟ್ಸ್‌ಮನ್ ಕೂಗಿದ. ಲಾಲ ಅಹ್ಮದ ಗುಂಪನ್ನು ಸರಿಸಿಕೊಂಡು ಬಂದು ಎದುರಿಗೆ ನಿಂತ. ಹುಟ್ಟಿದಾಗಿನಿಂದ ಏಕವಚನದಲ್ಲಿ ಕರೆದ ಗೆಳೆಯನಿಗೆ, “ಭಾಳ ಚಲೋ ಆತ್ರಿ ಸಾವುಕಾರ್ರ” ಎಂದು ಹೇಳಿ ಹೊರಟುಹೋದ. ಹಮಾಲರ ಬೈಗುಳವೆಲ್ಲ ಸೇರಿದರೂ ಆ ಒಂದು ‘ರಿ’ಯಷ್ಟು ತೂಗುತ್ತಿರಲಿಲ್ಲ.

ಮರುದಿನ ಮಡೆಪ್ಪ ಧಾರಣೆಯನ್ನು ಮೊದಲೇ ಹೇಳಿಬಿಟ್ಟ. ರೆಫ್ರಿಯ ಮಾತು ಎತ್ತಲಿಲ್ಲ. ಬೀದರಿನ ಕಡೆ ಹೋಗುವ ಗಾಡಿ ಕೂಗಿದಾಗ ಮಾತ್ರ ಧಾರಣೆ ತೋರಿಸುವ ಅವನ ಬೆರಳು ಸವಾಲಿನ ನಡುವೆ ನಿಂತಿತು. ಲಾಲ ಅಹ್ಮದ ಗಾಡಿ ಹತ್ತಿದನೆಂದು ಹಮಾಲನೊಬ್ಬ ಬಂದು ಹೇಳಿದ. ಹೈದರಾಬಾದಿಗೆ ಹೋಗುವ ದಾರಿಯೂ ಅದೇ.

ಸಂಜೆಯ ಗಾಡಿಗೆ ಲಾಲ ಅಹ್ಮದ ಹಿಂದೆ ಬಂದ. ಸ್ಟೇಷನ್ನಿನಿಂದ ನೇರ ಅಂಗಡಿಗೆ ಬಂದ, ಗಾದಿಯ ಮೇಲೆ ಕೂರಲಿಲ್ಲ.

“ಅಯ್ಯುಬ ಮಾಸ್ತರನ ಮನಿಗೆ ಹೋಗಿದ್ದೆ. ಜ್ವರದಾಗೇ ಎದ್ದು ಕುಂತು ಕೇಳಿದ. ರೆಫ್ರಿ ಸೀಟಿ ಊದೂತನಕ ಆಟ ಮುಗಿಯಂಗಿಲ್ಲ ಅಂದ. ನಿಮ್ಮ ಪರವಾಗೇ ಅಂದ್ರಿ.”

ಆ ಮಾಸ್ತರ ತನ್ನ ಪರ ವಹಿಸಿದ್ದು ಮಡೆಪ್ಪನಿಗೆ ಗೋಲಿಗಿಂತ ಹೆಚ್ಚು ಚುಚ್ಚಿತು.

“ನಾ ಕಮಿಟಿಗೆ ತಕರಾರು ಕೊಟ್ಟು ಬಂದೀನಿ” ಎಂದು ಲಾಲ ಅಹ್ಮದ ಮುಂದುವರಿಸಿದ. “ಹೊತ್ತು ಮುಗಿದ ಮ್ಯಾಲಿನ ಗೋಲು ನಡಿಯಂಗಿಲ್ಲ ಅಂತ. ಕಮಿಟಿ ಕೂತು ಕೇಳ್ತದಂತ. ಅದು ಕೇಳೂತನಕ ಭಾಲ್ಕಿ ಹೆಸರು ತೆಗಿಲಾಕ ಬರಂಗಿಲ್ಲ. ಕರೆದಾಗ ಕ್ಯಾಪ್ಟನ್ ಹಾಜರಿರಬೇಕು, ಇಲ್ಲಂದ್ರ ತಕರಾರು ಖಾರಿಜ್.”

“ಮತ್ತ ಹೈದರಾಬಾದು?”

“ಹೈದರಾಬಾದ್ ಎಲ್ಲಿ ಓಡಿ ಹೋಗ್ತದ. ನನ್ನ ಅಂಗಡಿ ಸುಟ್ಟಾಗ ಯಾರಿಗೂ ಕೇಳಲಿಲ್ಲ ನಾ. ನಿಮಗೂ ಕೇಳಲಿಲ್ಲ. ಇದನ್ನ ಕೇಳದ ಬಿಡಂಗಿಲ್ಲ.”

ಅಂಗಡಿಯಲ್ಲಿದ್ದವರೆಲ್ಲ ನೆಲ ನೋಡಿದರು. ಮೂರು ವರ್ಷ ಯಾರೂ ಆಡದ ಮಾತು ಜೋಳದ ರಾಶಿಯ ಮೇಲೆ ಬಂದು ಕೂತಿತ್ತು. ಮಡೆಪ್ಪ ಕೈಯಲ್ಲಿದ್ದ ಸೇರನ್ನು ಕೆಳಗಿಟ್ಟು ಅಂದ: “ಕೇಳಬೇಕು. ಕೇಳಲೇಬೇಕು.”

ಮನೆಯಲ್ಲಿ ಹೆಂಡತಿ ಕಾಂತಾಬಾಯಿ ರೊಟ್ಟಿ ಬಡಿಸುತ್ತ ಅವನನ್ನು ತರಾಟೆಗೆ ತೆಗೆದುಕೊಂಡಳು. “ಇಡೀ ಊರು ನಿಮ್ಮನ್ನ ಬೈಲತ್ತದ. ಹೊತ್ತು ಮುಗಿದಿತ್ತು, ನಂದು ತಪ್ಪಾತು ಅಂತ ಕಮಿಟಿಗೆ ಹೇಳಿಬಿಡ್ರಿ. ನಾಲಿಗಿ ಸವೀತದೇನು?”

“ಹೇಳಂಗಿಲ್ಲ.”

“ಯಾಕ? ಇಷ್ಟು ದಿನ ರೆಫ್ರಿಗೋಳು ತಪ್ಪು ಒಪ್ಪಂಗಿಲ್ಲಂತ ನೀವೇ ಕೂಗತಿದ್ರಲ್ಲ.”

“ಒಪ್ಪಿದರ ತಕರಾರು ಮುಗೀತದ. ಪಾಯಿಂಟ್ ಸಿಕ್ಕು ಟೀಮ್ ಉಳೀತದ, ಖರೇ. ಆದರ ಲಾಲ್ಯಾ ಈಗ ಟೀಮಿಗಂತ ನಿಂತಿಲ್ಲ, ನನ್ನ ಮ್ಯಾಲಿನ ಸಿಟ್ಟಿಗೆ ನಿಂತಾನ. ಸಿಟ್ಟು ಇಳೀತಂದ್ರ ನಾಳೆ ಗಾಡಿ ಹತ್ತತಾನ. ಇನ್ನೊಂದು ರೊಟ್ಟಿ ಹಾಕು.”

ಕಾಂತಾಬಾಯಿ ಗಂಡನ ಮುಖ ನೋಡಿದಳು. “ಬೈಸಿಕೊಳ್ರಿ ಹಂಗಾದರ” ಎಂದು ರೊಟ್ಟಿಯ ಮೇಲೆ ಬೆಣ್ಣೆ ತುಸು ಹೆಚ್ಚೇ ಇಟ್ಟಳು.

ಕಮಿಟಿ ಬೇಗ ಕೂರಲಿಲ್ಲ. ಒಮ್ಮೆ ಕರೆದಾಗ ಮಡೆಪ್ಪ ಬೀದರಿಗೆ ಹೋಗಿ, ಸೀಟಿ ಊದುವ ತನಕ ಆಟ ಎಂದು ಅಯ್ಯುಬ ಮಾಸ್ತರನ ಮಾತನ್ನೇ ತನ್ನದೆಂಬಂತೆ ಆಡಿ ಬಂದ. ತನ್ನ ನಾಲಿಗೆಯ ಮೇಲೆ ಆ ಮಾತು ಕೂತದ್ದಕ್ಕೆ ಅವನಿಗೆ ಆದ ಅಸಹ್ಯ ಅಷ್ಟಿಷ್ಟಲ್ಲ. ಕಮಿಟಿ ಮುಂದಿನ ತಾರೀಖು ಕೊಟ್ಟಿತು, ಅದರ ಮುಂದೆ ಇನ್ನೊಂದು. ಹೊಸ ಹಂಗಾಮು ಬಂದಾಗ ಭಾಲ್ಕಿಯ ಹೆಸರು ಪಟ್ಟಿಯಲ್ಲೇ ಇತ್ತು. ಅಗಸ ಆಫ್‌ಸೈಡ್ ಅಂದರೇನೆಂದು ಕಲಿತಿದ್ದ. ಲಾಲ ಅಹ್ಮದ ಸುಟ್ಟ ಅಂಗಡಿಯ ಗೋಡೆಗಳ ಮೇಲೆ ಹೊಸ ತಗಡು ಹೊದಿಸಿ, ಬಣ್ಣದ ಹಂಡೆಗಳನ್ನು ಮತ್ತೆ ಒಲೆಗೆ ಏರಿಸಿದ್ದ.

ಸಂತೆಯ ದಿನ ಅವನು ಜೋಳ ಒಯ್ಯಲು ಮಡೆಪ್ಪನ ಅಂಗಡಿಗೇ ಬರುತ್ತಿದ್ದ. ಸೇರು ಅಳೆಯುವಷ್ಟು ಹೊತ್ತೂ ನಿಂತು, ಕೊಡದ ಪೆನಾಲ್ಟಿಯಿಂದ ಶುರುಮಾಡಿ ಕಡೆಯ ಗೋಲಿನ ತನಕ ಬೈಯುತ್ತಿದ್ದ. ಬೈಗುಳ ರಂಗೇರಿದಂತೆ ‘ರಿ’ ಯಾವಾಗ ಉದುರಿ ‘ನೀ’ ಆಯಿತೋ ಇಬ್ಬರೂ ಗಮನಿಸಲಿಲ್ಲ. ಅಳತೆ ಮುಗಿದ ಮೇಲೆ ಮಡೆಪ್ಪ ಅವನ ಚೀಲಕ್ಕೆ ಒಂದು ಬೊಗಸೆ ಕೊಸರು ಹಾಕುತ್ತಿದ್ದ.

“ಏನದು?”

“ಕೊಸರು.”

“ನಿನ್ನ ಕೊಸರು ಔರಾದದವರಿಗೆ ಹಾಕು” ಎಂದು ಲಾಲ ಅಹ್ಮದ ಚೀಲದೊಳಗೆ ಕೈ ಹಾಕಿ, ಅಷ್ಟೇ ಜೋಳವನ್ನು ತೆಗೆದು ರಾಶಿಗೆ ಎಸೆಯುತ್ತಿದ್ದ. ಮುಂದಿನ ಸಂತೆಗೆ ಮಡೆಪ್ಪ ಮತ್ತೆ ಹಾಕುತ್ತಿದ್ದ, ಅವನು ಮತ್ತೆ ಎಸೆಯುತ್ತಿದ್ದ.